ಟೈಪಿಂಗ್ ಮೇಡಮ್ಮಿನ ಜಲಪಾತಗಳು

ಅವರ ಬಲಗೈಯ ತೋರುಬೆರಳು, ಮಧ್ಯದ ಬೆರಳು ಎರಡೂ ಸದಾ ಕಾರ್ಬನ್ ಕಾಗದದ ನೀಲಿಯಲ್ಲಿ ಅದ್ದಿದ ಹಾಗಿರುತ್ತಿದ್ದವು. ಸೀರೆಯ ಅಂಚಿನ ಕೆಳಗೆ ಗಂಡಸರು ಹಾಕುವ ಬಿಳಿ ಕ್ಯಾನ್ವಾಸ್ ಶೂ. ಅದರ ಮೇಲೆ ಕಾಣುವಷ್ಟು ಕಾಲಿನಲ್ಲಿ ಲಂಟಾನ ಗೀರಿದ ಗೆರೆಗಳು, ಕೆಲವು ಹಳೆಯವು, ಕೆಲವು ಇನ್ನೂ ಕೆಂಪಗಿದ್ದವು. ಸೋಮವಾರ ಬೆಳಿಗ್ಗೆ ಕ್ಲಾಸಿಗೆ ಹೋದಾಗ ನಾವು ಮೊದಲು ನೋಡುತ್ತಿದ್ದದ್ದು ಆ ಕಾಲುಗಳನ್ನು. ಹೊಸ ಗೀರುಗಳಿದ್ದರೆ ಮೇಡಂ ಭಾನುವಾರ ಎಲ್ಲೋ ಗುಡ್ಡ ಹತ್ತಿದ್ದಾರೆ ಎಂದು ಅರ್ಥ.

ಎಪ್ಪತ್ತರ ದಶಕದ ಕೊನೆಯ ಮಾತು. ತುಮಕೂರಿನ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಐದು ಇಂಗ್ಲಿಷ್ ಮೆಷಿನ್ನು, ಒಂದು ಕನ್ನಡದ್ದು. ನಾನು ಪಿಯುಸಿ ಮುಗಿಸಿ, ಮದುವೆ ಗೊತ್ತಾಗುವವರೆಗೆ ಏನಾದರೂ ಕಲಿಯಲಿ ಎಂದು ಬಟವಾಡಿಯ ನಮ್ಮ ಮನೆಯಿಂದ ದಿನಾ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ನನ್ನ ಹಾಗೆಯೇ ಮದುವೆಗೆ ಕಾದಿದ್ದ ಇಪ್ಪತ್ತೊಂದು ಹುಡುಗಿಯರು ಅಲ್ಲಿದ್ದರು.

ಮೇಡಮ್ಮಿಗೂ ಮದುವೆಯಾಗಿತ್ತು. ಎಂಟು ತಿಂಗಳಿಗೆ ಗಂಡನ ಮನೆ ಬಿಟ್ಟು ಬಂದಿದ್ದರಂತೆ. ಯಾಕೆ ಎಂದು ಯಾರಾದರೂ ಕೆದಕಿದರೆ, "ಹಿಡಿಸ್ಲಿಲ್ಲ, ಬಂದೆ" ಎನ್ನುತ್ತಿದ್ದರು. ಇನ್ನೂ ಕೆದಕಿದರೆ, "ಇನ್ನೊಂದ್ಸಲ ಹೇಳ್ಲಾ?" ಎಂದು ಕೇಳುವವರ ಮುಖವನ್ನೇ ನೋಡುತ್ತಿದ್ದರು. ಮೂರನೆಯ ಸಲ ಯಾರೂ ಕೇಳುತ್ತಿರಲಿಲ್ಲ.

ಒಳ್ಳೆಯವರು ಎಂದು ಸುಮ್ಮನೆ ಹೊಗಳಿಬಿಡುವ ಹಾಗಿರಲಿಲ್ಲ ಅವರು. ಕೀಲಿ ನೋಡಿಕೊಂಡು ಟೈಪ್ ಮಾಡಿದರೆ ಬೆರಳ ಗಿಣ್ಣಿಗೆ ಸ್ಕೇಲಿನ ಅಂಚಿನಲ್ಲಿ ಹೊಡೆಯುತ್ತಿದ್ದರು. ಭಾನುವಾರ ಜೊತೆಗೆ ಬರುತ್ತೇನೆ ಎಂದವಳು ಬಸ್ ಸ್ಟ್ಯಾಂಡಿಗೆ ಎರಡು ನಿಮಿಷ ತಡವಾಗಿ ಬಂದರೆ ಅವಳ ಕಣ್ಣೆದುರೇ ಬಸ್ ಹತ್ತಿ ಹೊರಟುಬಿಡುತ್ತಿದ್ದರು. ಮೆಚ್ಚುಗೆಯ ಮಾತು ಎಂದರೆ "ಪರವಾಗಿಲ್ಲ" ಎಂಬ ಒಂದೇ ಪದ.

ಈ ಜಲಪಾತದ ಹುಚ್ಚು ಹೇಗೆ ಹಿಡಿಯಿತು ಎಂದು ಒಮ್ಮೆ ಕೇಳಿದ್ದೆ. ಯಾರೋ ಜಿಲ್ಲೆಯ ಪ್ರೇಕ್ಷಣೀಯ ಸ್ಥಳಗಳ ಕೈಪಿಡಿಗೆಂದು ಬರೆದ ಹಸ್ತಪ್ರತಿಯನ್ನು ಟೈಪು ಮಾಡಿಸಲು ತಂದಿದ್ದರಂತೆ. ಅದರಲ್ಲಿ ಒಂದು ಸಾಲು: ಈ ಸೀಮೆಯಲ್ಲಿ ಹೇಳಿಕೊಳ್ಳುವಂಥ ಜಲಪಾತಗಳಿಲ್ಲ. ಮೇಡಂ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಕಡಬದ ಹತ್ತಿರ. ಮಳೆಗಾಲದಲ್ಲಿ ಬಂಡೆಯ ಮೇಲಿಂದ ಬೀಳುವ ನೀರಿಗೆ ತಲೆ ಕೊಟ್ಟು ಬೆಳೆದವರು.

"ಕಡ್ಡಿಯಷ್ಟೂ ತಪ್ಪಿಲ್ದಂಗೆ ಟೈಪ್ ಮಾಡಿ ಕೊಟ್ಟೆ ಕಣೇ ಆ ಸುಳ್ಳನ್ನ. ನನ್ನ ಕೈಯಿಂದ್ಲೇ. ಅದಕ್ಕೇ ಸಿಟ್ಟು."

ಆ ಸಿಟ್ಟಿನಲ್ಲೇ ಅವರು ಹೊರಟದ್ದು. ಭಾನುವಾರಗಳಲ್ಲಿ ಗುಬ್ಬಿ ಕಡೆ, ಕುಣಿಗಲ್ ಕಡೆ, ದೇವರಾಯನದುರ್ಗದ ಹಿಂಬದಿ. ಜೊತೆಗೆ ಒಂದು ತೆಂಗಿನ ನಾರಿನ ಹಗ್ಗ. ಅಡಿಗೊಂದು ಗಂಟು, ತುದಿಯಲ್ಲಿ ಕಲ್ಲು. ನೆತ್ತಿಯಿಂದ ಇಳಿಬಿಟ್ಟು ಗಂಟು ಎಣಿಸುತ್ತಿದ್ದರು. ಫೋಟೋ ತೆಗೆಯಲು ಸ್ಟುಡಿಯೋದವನನ್ನು ಕರೆದರೆ, "ಜೋಗಕ್ಕಾದ್ರೆ ಬರ್ತೀನಿ ಮೇಡಂ" ಎಂದು ನಕ್ಕನಂತೆ. ಆಮೇಲೆ ಯಾರನ್ನೂ ಕರೆಯಲಿಲ್ಲ. ಒಂದೊಂದು ಜಲಪಾತಕ್ಕೆ ಒಂದು ಹಾಳೆ: ಊರಿನವರು ಕರೆಯುವ ಹೆಸರು, ದಾರಿ, ಎತ್ತರ, ಯಾವ ಮಳೆಗೆ ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ. ತಾವು ನೋಡಿದ್ದು ಎಡಗಡೆ, ಬೇರೆಯವರು ಹೇಳಿದ್ದು ಬಲಗಡೆ. ಎರಡನ್ನೂ ಬೆರೆಸಲು ಬಿಡುತ್ತಿರಲಿಲ್ಲ.

ಗೊರವನ ಜಡೆ ಎಂಬುದು ಅಂಥದ್ದೊಂದು. ಗುಬ್ಬಿಗೂ ಕುಣಿಗಲ್ಲಿಗೂ ನಡುವಿನ ಒಂದು ಕಲ್ಲುಗುಡ್ಡದಲ್ಲಿತ್ತು. ಒಂದು ಬೇಸಿಗೆಯಲ್ಲಿ ಆ ಗುಡ್ಡವನ್ನು ಕಲ್ಲು ಒಡೆಯಲು ಒಬ್ಬ ಕಂಟ್ರಾಕ್ಟರು ಕೇಳಿದ್ದಾನೆಂದು ಅಲ್ಲಿನ ಕುರಿ ಕಾಯುವ ಅಜ್ಜಿಯೊಬ್ಬಳು ಮೇಡಮ್ಮಿಗೆ ಹೇಳಿದಳು. ಬಂಡೆಯ ಮೇಲೆ ಆಗಲೇ ಕೆಂಪು ಬಣ್ಣದ ಗುರುತು ಬಿದ್ದಿತ್ತು. ಮೇಡಂ ಅರ್ಜಿ ಹಾಕಿದರು. ಯಾವ ಕಚೇರಿಗೆ ಎಂದು ಈಗ ಹೇಳುವುದು ಬೇಡ. ಉತ್ತರ ಬಂತು: ಸ್ಥಳ ಪರಿಶೀಲಿಸಲಾಗಿ ಅಲ್ಲಿ ಯಾವುದೇ ಜಲಪಾತ ಕಂಡುಬಂದಿಲ್ಲ. ಪರಿಶೀಲನೆ ನಡೆದಿದ್ದು ಮಾರ್ಚಿನಲ್ಲಿ.

ಆ ಉತ್ತರ ಹಿಡಿದುಕೊಂಡು ಕಚೇರಿಗೆ ಹೋದಾಗ ನಾನೂ ಜೊತೆಗಿದ್ದೆ.

"ಮಾರ್ಚಿನಲ್ಲಿ ಹೋದ್ರೆ ಬಂಡೆ ಬಿಟ್ಟು ಇನ್ನೇನ್ ಕಾಣ್ಸುತ್ತೆ ಸಾರ್?"

ಅಧಿಕಾರಿ ಫೈಲಿನಿಂದ ತಲೆ ಎತ್ತಲಿಲ್ಲ. "ವರ್ಷಕ್ ಮೂರ್ ತಿಂಗ್ಳು ನೀರ್ ಸುರಿಯೋದನ್ನೆಲ್ಲ ಜಲಪಾತ ಅನ್ನಕ್ಕಾಗಲ್ಲಮ್ಮ. ಅದೂ ನೀವೊಬ್ರೇ ನೋಡಿರೋದು."

"ಎಷ್ಟ್ ಜನ ನೋಡಿದ್ರೆ ನೋಡ್ದಂಗೆ?"

ಅಧಿಕಾರಿಗೆ ರೇಗಿತು. "ಒಂದಿಪ್ಪತ್ತು ಜನ ನೋಡಿರ್ಲಿ, ಆಮೇಲೆ ಬನ್ನಿ."

"ಇಪ್ಪತ್ತು ಅಲ್ವಾ? ಸರಿ" ಎಂದು ಮೇಡಂ ಎದ್ದರು. ಮೆಟ್ಟಿಲಿಳಿಯುವಾಗ ಅವರ ಮುಖ ನೋಡಿದೆ. ಗೆದ್ದವರ ಮುಖದ ಹಾಗಿತ್ತು.

ಉತ್ತರೆ ಮಳೆ ಚೆನ್ನಾಗಿ ಹಿಡಿದ ಒಂದು ಭಾನುವಾರ, ಬಿಸಿಲು ಬಿದ್ದ ಮೇಲೆ, ಇಪ್ಪತ್ತೆರಡು ಹುಡುಗಿಯರು ಮೇಡಮ್ಮಿನ ಹಿಂದೆ ಬಸ್ ಹತ್ತಿದೆವು. ಮನೆಯಲ್ಲಿ ಹೆಚ್ಚಿನವರು ಹೇಳಿದ್ದು ಸ್ಪೀಡ್ ಟೆಸ್ಟ್ ಎಂದು. ಬಸ್ಸಿಳಿದು ರಾಗಿ ಹೊಲಗಳ ಬದುವಿನಲ್ಲಿ ಒಂದೂವರೆ ಗಂಟೆ ನಡೆದೆವು. ಗುಡ್ಡದ ಬುಡದಲ್ಲಿ ಕಂಟ್ರಾಕ್ಟರನ ಕಡೆಯವನೊಬ್ಬ ಅಡ್ಡ ನಿಂತ.

"ಏನಮ್ಮೋ, ಎಲ್ಲಿಗ್ ಹೊರಟ್ತು ಈ ಪಟಾಲಂ? ಇದು ಕಂಟ್ರಾಕ್ಟ್ ಜಾಗ."

"ಆರ್ಡರ್ ಆಗಿದ್ಯಾ?"

"ಆಯ್ತದೆ."

"ಆದ್ಮೇಲೆ ಬಂದು ತಡಿ" ಎಂದು ಮೇಡಂ ಅವನನ್ನು ಬಳಸಿಕೊಂಡು ನಡೆದೇಬಿಟ್ಟರು. ನಾವು ಒಬ್ಬರ ಹಿಂದೊಬ್ಬರು, ಇಪ್ಪತ್ತೆರಡೂ ಜನ, ಅವನ ಪಕ್ಕದಿಂದಲೇ ಹಾದುಹೋದೆವು. ಅವನು ಎಣಿಸುತ್ತಿದ್ದನೋ ಏನೋ, ಬಾಯಿ ಮಾತ್ರ ತೆರೆದೇ ಇತ್ತು.

ತಿರುವಿನಲ್ಲಿ ಮೊದಲು ಸದ್ದು ಕೇಳಿಸಿತು. ಆಮೇಲೆ ಕಂಡಿತು. ಕಪ್ಪು ಬಂಡೆಯ ನೆತ್ತಿಯಿಂದ ನೀರು ಒಂದೇ ಧಾರೆಯಾಗಿ ಹೊರಟು, ನಡುವೆ ಚಾಚಿದ ಒಂದು ಹಲಗೆಗಲ್ಲಿಗೆ ಬಡಿದು, ಅಲ್ಲಿಂದ ಸಿಕ್ಕುಗಟ್ಟಿದ ಕೂದಲಿನ ಹಾಗೆ ಹತ್ತಾರು ಎಳೆಯಾಗಿ ಬೀಳುತ್ತಿತ್ತು. ಹತ್ತೊಂಬತ್ತು ವರ್ಷ ಇದೇ ಸೀಮೆಯಲ್ಲಿ ಬೆಳೆದಿದ್ದೆ. ನಮ್ಮದು ಒಣ ಊರು ಎಂದು ಎಲ್ಲರ ಜೊತೆ ನಾನೂ ಹೇಳಿಕೊಂಡು ಬಂದಿದ್ದೆ. ಮೈಯೆಲ್ಲ ತುಂತುರಿನಲ್ಲಿ ನೆನೆಯುತ್ತ ನಿಂತಾಗ, ಇನ್ನೂ ಏನೇನನ್ನು ನೋಡದೆಯೇ ನಂಬಿದ್ದೇನೋ ಅನ್ನಿಸಿತು.

ಮೇಡಂ ನನ್ನನ್ನು ನೆತ್ತಿಗೆ ಕರೆದೊಯ್ದು ಹಗ್ಗ ಕೈಗೆ ಕೊಟ್ಟರು. ನಾನು ಅಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. "ಹೆದರ್ಕೋ, ಪರವಾಗಿಲ್ಲ. ಹಗ್ಗ ಮಾತ್ರ ಬಿಡ್ಬೇಡ" ಎಂದರು. ನಲವತ್ತೊಂದು ಗಂಟು.

ಸೋಮವಾರ ನಾವೆಲ್ಲ ಕಂಡದ್ದನ್ನು ಇದ್ದೊಂದು ಕನ್ನಡ ಮೆಷಿನ್ನಿನಲ್ಲಿ ಸರದಿಯ ಮೇಲೆ ಒಬ್ಬೊಬ್ಬರೂ ಒಂದೊಂದು ಹಾಳೆ ಟೈಪ್ ಮಾಡಬೇಕಿತ್ತು. "ಸುಮಾರು ನಲವತ್ತೊಂದು ಅಡಿ ಇರಬಹುದೆಂದು ಹೇಳಲಾಗಿದೆ" ಎಂದು ನಾನು ಟೈಪ್ ಮಾಡಿದ್ದೆ. ಮೇಡಂ ಹಾಳೆಯನ್ನು ಮೆಷಿನ್ನಿನಿಂದ ಸರ್ರನೆ ಎಳೆದರು.

"ಯಾರು ಹೇಳಿದ್ದು?"

ನಾನು ಹೊಸ ಹಾಳೆಗೆ ಕೈ ಹಾಕಿದೆ.

"ಹಗ್ಗ ಹಿಡ್ಕೊಂಡಿದ್ದು ಯಾರು?"

"ನಾನು ಮೇಡಂ."

"ಹಂಗಂತಲೇ ಹೊಡಿ. ನಾನು ಅಳೆದೆ. ನಲವತ್ತೊಂದು ಅಡಿ. ಕೆಳಗೆ ನಿನ್ ಹೆಸ್ರು ಹಾಕು."

ಅರ್ಜಿಯಲ್ಲೂ ಕಾಗದದಲ್ಲೂ ನಾನು ಅಲ್ಲಿಯವರೆಗೆ 'ಇಂಥವರ ಮಗಳು' ಆಗಿದ್ದೆ. 'ನಾನು' ಎಂಬ ಎರಡಕ್ಷರಕ್ಕೆ ಸರಿಯಾದ ಕೀಲಿಗಳನ್ನು ಹುಡುಕುವಷ್ಟರಲ್ಲಿ ನನ್ನ ಬೆರಳು ತಡವರಿಸಿತು. ಸ್ಕೇಲು ಎತ್ತದೆ ಮೇಡಂ ಪಕ್ಕದಲ್ಲೇ ಕಾದು ನಿಂತರು.

ಎರಡು ದಿನದಲ್ಲಿ ಸುದ್ದಿ ಮನೆಗಳಿಗೆ ತಲುಪಿತು. ಅಪ್ಪಂದಿರು ಮಹಡಿ ಹತ್ತಿ ಬಂದರು. ಎಲ್ಲರಿಗಿಂತ ಮುಂದೆ, ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದ ನನ್ನ ಅಪ್ಪ.

"ಟೈಪಿಂಗ್ ಹೇಳ್ಕೊಡಿ ಅಂತ ಕಳಿಸಿದ್ರೆ ಬೆಟ್ಟ ಹತ್ತಿಸ್ತೀರೇನ್ರೀ ವಯಸ್ಸಿಗೆ ಬಂದ ಹೆಣ್ಮಕ್ಕಳನ್ನ?"

"ಹತ್ತಿದ್ರು, ಇಳಿದ್ರು. ಯಾರಿಗ್ ಏನಾಯ್ತು?"

"ಸರ್ಕಾರದ್ ಕಾಗದಕ್ಕೆ ನಮ್ ಮಕ್ಳ ಹೆಸ್ರು ಬೇಡ. ತೆಗೀರಿ."

ಮೇಡಂ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟರು. "ಹೆಸ್ರು ನನ್ದಲ್ಲ, ನಿಮ್ದೂ ಅಲ್ಲ. ಅವ್ರದ್ದು. ಬೇಕಾದ್ರೆ ಅವ್ರೇ ತೆಗೀಲಿ."

ನಾಲ್ಕು ಹುಡುಗಿಯರು ತಲೆ ತಗ್ಗಿಸಿಕೊಂಡು ಬಂದು ತಮ್ಮ ಹಾಳೆ ತೆಗೆದುಕೊಂಡರು. ಆ ನಾಲ್ವರನ್ನು ಮೇಡಂ ಮತ್ತೆಂದೂ ಮಾತನಾಡಿಸಲಿಲ್ಲ. ಅದು ಅನ್ಯಾಯ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಎಲ್ಲರ ಮನೆಯ ಬೆತ್ತ ಒಂದೇ ದಪ್ಪ ಇರುವುದಿಲ್ಲ.

ಗುಂಪಿನ ಹಿಂದೆ ಬಳೆ ಅಂಗಡಿಯ ಸಾಹೇಬರು ನಿಂತಿದ್ದರು. ಅವರ ಮಗಳೂ ನಮ್ಮ ಜೊತೆ ಬಂದಿದ್ದಳು. "ನಮ್ ಹುಡುಗೀದು ಇರ್ಲಿ ಬುಡಿ ಮೇಡಂ" ಎಂದರು. "ಮನೇಗ್ ಬಂದು ಒಂದ್ ಗಂಟೆ ಬಿಡದಂಗೆ ಮಾತಾಡಿದ್ಲು. ಅವ್ಳು ಅಷ್ಟ್ ಮಾತಾಡಿದ್ದು ನಾನ್ ಕಂಡೇ ಇಲ್ಲ."

ಅಪ್ಪ ನನ್ನತ್ತ ತಿರುಗಿದರು. ನಾನು ಕೂತಲ್ಲಿಂದ ಏಳಲಿಲ್ಲ. ಅಷ್ಟೇ ನಾನು ಮಾಡಿದ್ದು. ಒಂದು ತಿಂಗಳು ಅಪ್ಪ ನನ್ನ ಜೊತೆ ಮಾತು ಬಿಟ್ಟರು.

ಹದಿನೆಂಟು ಹಾಳೆ ಉಳಿದವು. "ಇಪ್ಪತ್ತಿಲ್ಲವಲ್ಲ" ಎಂದರಂತೆ ಆ ಅಧಿಕಾರಿ. ಮೇಡಂ ತಮ್ಮದೊಂದನ್ನು, ಕುರಿ ಕಾಯುವ ಅಜ್ಜಿಯ ಹೆಬ್ಬೆಟ್ಟಿನದೊಂದನ್ನು ಮೇಲಿಟ್ಟರು. ಸ್ಥಳ ಮತ್ತೆ ನೋಡಬೇಕಾಯಿತು, ಈ ಸಲ ಮಳೆಯಲ್ಲಿ. ಗುಡ್ಡದ ಆ ಮಗ್ಗುಲನ್ನು ಬಿಟ್ಟು ಉಳಿದ ಕಡೆ ಒಡೆಯಬೇಕೆಂದು ಆರ್ಡರಾಯಿತು. ಆದರೆ ಆರ್ಡರು ಬರುವಷ್ಟರಲ್ಲಿ ಕಂಟ್ರಾಕ್ಟರು ನೆತ್ತಿಯ ಬಂಡೆಗೆ ಮದ್ದಿಟ್ಟಾಗಿತ್ತು.

ಮುಂದಿನ ಮಳೆಗೆ ನಾವಿಬ್ಬರೇ ಹೋಗಿ ಅಳೆದೆವು. ಇಪ್ಪತ್ತಾರು ಗಂಟು. ನನಗೆ ಅಳು ಬಂತು. ಮೇಡಂ ಹಗ್ಗ ಸುತ್ತುತ್ತ, "ಇಪ್ಪತ್ತಾರು. ಬರ್ಕೋ" ಎಂದರು. ಹೊಸ ಹಾಳೆಯಲ್ಲಿ ನಾನು "ಹದಿನೈದು ಅಡಿಯನ್ನು ಒಡೆಯಲಾಗಿದೆ" ಎಂದು ಟೈಪ್ ಮಾಡಿದೆ. ಅವರು ಹೊಡೆದುಹಾಕಿ, "ಕಂಟ್ರಾಕ್ಟರು ಒಡೆದ" ಎಂದು ನೀಲಿ ಬೆರಳಿನಲ್ಲಿ ಬರೆದುಕೊಟ್ಟರು. ಆ ಇಪ್ಪತ್ತಾರು ಅಡಿ ಈಗಲೂ ಮಳೆಗಾಲದಲ್ಲಿ ಬೀಳುತ್ತದೆ.

ಮರುವರ್ಷ ನನಗೆ ಕೋರ್ಟಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಮದುವೆ ಆಮೇಲಾಯಿತು, ನಾನು ಒಪ್ಪಿದವರ ಜೊತೆ. ಸಾಕ್ಷಿ ಹೇಳಲು ಬಂದ ಹೆಂಗಸರು ಕಟಕಟೆಯಲ್ಲಿ ತೊದಲಿದಾಗೆಲ್ಲ ನನ್ನ ಬೆರಳು ಕೀಲಿಯ ಮೇಲೆ ಅವರಿಗಾಗಿ ಕಾಯುತ್ತಿತ್ತು. ಕಾಯುವುದನ್ನು ನಾನು ಕಲಿತದ್ದು ಆ ಮಹಡಿಯಲ್ಲಿ.

ಎಂಬತ್ತರ ದಶಕ ಮುಗಿಯುವ ಮುಂಚೆ ಮೇಡಂ ತೀರಿಕೊಂಡರು. ಎದೆನೋವೆಂದು ಮೂರು ದಿನ ಆಸ್ಪತ್ರೆಯಲ್ಲಿದ್ದರು. ನೋಡಲು ಹೋದಾಗ, "ಆ ನರ್ಸು ಎದ್ದು ಓಡಾಡ್ಬೇಡಿ ಅಂತಾಳೆ ಕಣೇ, ನನಗೆ!" ಎಂದು ದೂರಿದರು. ಅದೇ ಕೊನೆಯ ಮಾತು.

ಗುಬ್ಬಿಯಿಂದ ಅವರ ತಮ್ಮ ಬಂದರು, ತಮ್ಮನ ಮಗ ಬಂದ. ಮನೆಯ ಮಾಲೀಕರು ಒಬ್ಬರು. ಚಟ್ಟ ಎತ್ತಲು ಇನ್ನೊಬ್ಬ ಗಂಡಸು ಬೇಕಿತ್ತು. ಯಾರನ್ನೋ ಕರೆತರಲು ಆಳು ಕಳಿಸಿದರು. ಅಂಗಳದಲ್ಲಿ ನಾವು ಹಳೆಯ ಹುಡುಗಿಯರು ಹನ್ನೊಂದು ಜನ ನಿಂತಿದ್ದೆವು. ಬಿಸಿಲು ಏರುತ್ತಿತ್ತು. ಅರ್ಧ ಗಂಟೆಯಾದರೂ ಯಾರೂ ಬರಲಿಲ್ಲ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟೆ.

"ಅಯ್ಯೋ, ಇದೇನಮ್ಮ, ಹೆಂಗಸ್ರು ಹಿಡಿಯಂಗಿಲ್ಲ" ಎಂದರು ತಮ್ಮ.

"ಹಿಡಿದಾಯ್ತು. ನಡೀರಿ" ಎಂದೆ.

ಬಿದಿರು ಹೆಗಲಿಗೆ ಒತ್ತುತ್ತಿತ್ತು. ದಾರಿಯಲ್ಲಿ ಬಳೆ ಅಂಗಡಿಯವರ ಮಗಳು ಬಂದು ಹೆಗಲು ಬದಲಾಯಿಸಿಕೊಂಡಳು, ಆಮೇಲೆ ಇನ್ನೊಬ್ಬಳು. ಸ್ಮಶಾನದ ಗೇಟಿನಲ್ಲಿ ಯಾರೋ ಕೈ ಅಡ್ಡ ಹಿಡಿದು, "ಹೆಣ್ಮಕ್ಕಳು ಇಲ್ಲಿಗೇ ನಿಂತ್ಕೊಳ್ಳಿ" ಎಂದರು.

ಹನ್ನೊಂದು ಜನರಲ್ಲಿ ಒಬ್ಬರೂ ನಿಲ್ಲಲಿಲ್ಲ.