ಆದಿಗಳು ಯಾಕೆ ಹೋದರು ಎಂದು ದವಡೆ ಹೇಳಿದ್ದು

ನಮ್ಮ ಗೆಳೆಯ ದವಡೆ ಹೋದ ವಾರ ತೀರಿಕೊಂಡ. ಸಂಜೆ ಹೊತ್ತು, ತನ್ನ ಕೆಲಸದ ಕೋಣೆಯ ಹಿಂದಿನ ರೂಮಿನಲ್ಲಿ, ಸ್ಟೂಲಿನ ಮೇಲೆ ಕೂತಲ್ಲೇ. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು. ನಾನೂ, ಲಿಫ್ಟು ರಿಪೇರಿ ಮಾಡುವ ಇನ್ನೊಬ್ಬ ಗೆಳೆಯನೂ ಅವನ ಪಕ್ಕದಲ್ಲೇ ಇದ್ದೆವು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೂ ಸ್ವಲ್ಪ ಹೊತ್ತು ನಮಗೆ ಗೊತ್ತಾಗಲಿಲ್ಲ. ನೋಡಲು ಬಂದವರೆಲ್ಲ ಕೇಳಿದ್ದು ಅದನ್ನೇ: "ಪಕ್ಕದಲ್ಲೇ ಕೂತಿದ್ರಿ, ಗೊತ್ತಾಗ್ಲಿಲ್ವಾ?" ಇದಕ್ಕೆ ಒಂದು ಮಾತಿನ ಉತ್ತರವಿಲ್ಲ. ಉತ್ತರದೊಳಗೆ ಒಂದು ಕಂಪ್ಯೂಟರ್ ಆಟವಿದೆ, ಅವನ ಅಕ್ಕನ ಹಲ್ಲಿದೆ, ಒಂದು ಗೋಡೆಯೂ ಇದೆ.

ಅವನು ಹಲ್ಲಿನ ಸೆಟ್ಟು ಕಟ್ಟುತ್ತಿದ್ದ. ಹಲ್ಲಿನ ಡಾಕ್ಟರ ಕ್ಲಿನಿಕ್ಕು ಮಹಡಿಯ ಮೇಲೆ, ಇವನ ಕೋಣೆ ಮೆಟ್ಟಿಲ ಕೆಳಗೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕೆಳಗೆ ಕಳಿಸುತ್ತಿದ್ದರು. ಇವನು ಅದಕ್ಕೆ ಪ್ಲಾಸ್ಟರ್ ಹುಯ್ದು, ಗುಲಾಬಿ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುತ್ತಿದ್ದ. ಜನರ ಮುಖ ಅವನಿಗೆ ನೆನಪಿರುತ್ತಿರಲಿಲ್ಲ. ರಸ್ತೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಪೆದ್ದು ಪೆದ್ದಾಗಿ ನೋಡುತ್ತಿದ್ದ. ಅವರು ಬಾಯಿ ತೆರೆದು ನಕ್ಕ ಕೂಡಲೇ, "ಓ, ನೀವಾ! ಕೆಳದವಡೆ ಬಲಗಡೆ ಇಳಿಜಾರು!" ಎಂದು ಕೈ ಹಿಡಿದುಕೊಳ್ಳುತ್ತಿದ್ದ. ಇಂಥವನಿಗೆ ದವಡೆ ಎಂದಲ್ಲದೆ ಇನ್ನೇನೆಂದು ಹೆಸರಿಡುವುದು?

ಮದುವೆಯಾಗಲಿಲ್ಲ. ಕೆಲಸದ ಕೋಣೆಗೆ ಅಂಟಿಕೊಂಡ ಮನೆಯಲ್ಲೇ ಅಕ್ಕನ ಜೊತೆ ಇದ್ದ. ಅವ್ವ ಬೇಗ ಹೋಗಿದ್ದಳು; ಇವನಿಗೆ ಹಲ್ಲು ಬರುವ ಮುಂಚೆ ಅನ್ನ ಅಗಿದು ಬಾಯಿಗಿಟ್ಟು ಸಾಕಿದವಳು ಅಕ್ಕ. ಈಗ ಅಕ್ಕನ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಅರ್ಧ ಊರಿನ ಬಾಯಲ್ಲಿ ಇವನ ಹಲ್ಲು. ಇವನ ಮನೆಯಲ್ಲಿ ಅಕ್ಕ ಅನ್ನವನ್ನು ಹಾಲಲ್ಲಿ ಕಿವುಚಿ ನುಂಗುತ್ತಿದ್ದಳು.

ಅವನು ಮಾಡಿಕೊಟ್ಟಿರಲಿಲ್ಲವೆಂದಲ್ಲ. ಸೆಟ್ಟಿನ ಮೇಲೆ ಸೆಟ್ಟು ಮಾಡಿದ. ಪ್ರತಿ ಸಲವೂ ಒಂದೇ ಕಥೆ. ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿ, ಸೆಟ್ಟು ಹಾಕಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸೇಬಿನ ಹೋಳು ಹಿಡಿದು ಬಾಯೊಳಗೆ ಇಣುಕುತ್ತಿದ್ದ.

"ಕಚ್ಚು. ಹಾಂ, ಹಾಗೇ. ಎಲ್ಲಿ ಒತ್ತುತ್ತೆ? ಎಡಗಡೆನಾ? ಇನ್ನೊಂದ್ಸಲ ಕಚ್ಚು. ಮೆಲ್ಲಗೆ. ಅಷ್ಟು ಮೆಲ್ಲಗಲ್ಲ!"

ಅಕ್ಕ ಸೆಟ್ಟನ್ನು ಅಂಗೈಗೆ ಉಗುಳುತ್ತಿದ್ದಳು. "ಒತ್ತುತ್ತೆ."

"ಎಲ್ಲಿ?"

"ಎಲ್ಲಾ ಕಡೆ."

ಅವನು ಮುಖ ಊದಿಸಿಕೊಂಡು ಮತ್ತೆ ಮೊದಲಿಂದ ಶುರುಮಾಡುತ್ತಿದ್ದ. ಒಮ್ಮೆ ನಾನು ಅಡುಗೆಮನೆಗೆ ಹೋದಾಗ ಅಕ್ಕ ಹೇಳಿದಳು: "ಬಾಯೊಳಗೆ ಟಾರ್ಚು ಬಿಟ್ಕೊಂಡು ನಿಂತ್ರೆ ಯಾರಿಗೆ ಗಂಟಲಲ್ಲಿ ಇಳಿಯುತ್ತೆ ಹೇಳು. ಇವನಿಗೆ ಅನ್ನ ತಿನ್ನಿಸುವಾಗ ನಾನು ಹೀಗೆ ನಿಂತಿದ್ನಾ?" ಅದನ್ನು ಅವನಿಗೆ ಹೇಳಿದೆ. "ನೋಡದೆ ಸರಿಮಾಡೋದು ಹೇಗೆ?" ಎಂದ. ಅದೂ ನ್ಯಾಯವೇ ಅನ್ನಿಸಿತು.

ಇನ್ನು ಆಟದ ವಿಷಯ. ಡಾಕ್ಟರು ಹಳೇ ಕಂಪ್ಯೂಟರ್ ಬಿಸಾಡಲು ಹೊರಟಾಗ ಇವನು ಕೆಳಗೆ ಹಿಂದಿನ ರೂಮಿಗೆ ತಂದಿಟ್ಟುಕೊಂಡ. ಅದರೊಳಗೆ ಒಂದು ಯುದ್ಧತಂತ್ರದ ಆಟ ಇತ್ತು. ನಕ್ಷತ್ರಗಳ ನಕ್ಷೆ, ಒಬ್ಬೊಬ್ಬ ಆಟಗಾರನೂ ಒಂದೊಂದು ಕುಲವನ್ನು ಆರಿಸಿಕೊಂಡು ಗ್ರಹದಿಂದ ಗ್ರಹಕ್ಕೆ ಬೆಳೆಸಬೇಕು. ಯಂತ್ರ ಒಂದೇ, ಆಡುವವರು ಮೂವರು: ಅವನು, ಲೈಬ್ರರಿಯಲ್ಲಿ ಕೆಲಸ ಮಾಡುವ ನಾನು, ಎದುರು ಕಟ್ಟಡದ ಲಿಫ್ಟು ರಿಪೇರಿ ಮಾಡುವವನು. ಒಬ್ಬರ ಗುಟ್ಟು ಇನ್ನೊಬ್ಬರು ನೋಡಬಾರದಲ್ಲ, ಅದಕ್ಕೆ ದವಡೆ ಒಂದು ಕಾನೂನು ಮಾಡಿದ. ಒಬ್ಬ ಆಡುವಾಗ ಉಳಿದಿಬ್ಬರು ಸ್ಟೂಲು ತಿರುಗಿಸಿ ಗೋಡೆಗೆ ಮುಖ ಮಾಡಬೇಕು. ಆಡುವವನು "ಮುಗೀತು" ಎನ್ನುವವರೆಗೂ ತಿರುಗುವಂತಿಲ್ಲ. ಮಾತಾಡಬಹುದು, ಬೈಯಬಹುದು, ನೋಡುವಂತಿಲ್ಲ.

ಆ ಗೋಡೆಯ ತುಂಬ ಕಪಾಟು. ಕಪಾಟಿನ ತುಂಬ ಪ್ಲಾಸ್ಟರಿನ ಬಾಯಿಗಳು. ಹೀಗೆ ನಾವು ವರ್ಷಗಟ್ಟಲೆ ಊರಿನವರ ಬಾಯಿಗಳನ್ನು ನೋಡುತ್ತಾ ಕೂತೆವು. ಯಾರಾದರೂ ಬಾಗಿಲು ತೆರೆದರೆ, ಮೇಷ್ಟ್ರು ಶಿಕ್ಷೆ ಕೊಟ್ಟ ಹಾಗೆ ಇಬ್ಬರು ನರೆಗೂದಲಿನವರು ಗೋಡೆ ನೋಡುತ್ತಾ, ಆ ಬಾಯಿಗಳ ಜೊತೆ ಜಗಳವಾಡುತ್ತಿರುವುದು ಕಾಣುತ್ತಿತ್ತು.

ಜಗಳ ಆದಿಗಳ ಬಗ್ಗೆ. ಆಟದ ಕಥೆಯ ಪ್ರಕಾರ ಬಹಳ ಹಿಂದೆ ಒಂದು ಕುಲವಿತ್ತು. ಉಳಿದ ಕುಲಗಳನ್ನೆಲ್ಲ ಮಾಡಿದ್ದು ಅವರೇ. ನಾಲಿಗೆ ಹೊರಳದ ಹೆಸರು ಅವರದು, ನಾವು ಆದಿಗಳು ಎಂದುಕೊಂಡೆವು. ಮಾಡಿದರು, ಗ್ರಹಗಳ ಮೇಲೆ ಬಿಟ್ಟರು, ಕಾಣೆಯಾದರು. ಯಾಕೆ ಮಾಡಿದರು, ಯಾಕೆ ಹೋದರು ಎಂದು ಆಟದಲ್ಲಿ ಎಲ್ಲೂ ಹೇಳಿಲ್ಲ. ಪಾಳುಬಿದ್ದ ಗ್ರಹಗಳಲ್ಲಿ ಅವರ ಶಿಲಾಫಲಕ ಸಿಗುತ್ತಿತ್ತು. "ನಾವು ನಿಮ್ಮನ್ನು ಮಾಡಿದ್ದು ಏಕೆಂದರೆ" ಎಂದಿರುತ್ತಿತ್ತು, ಅಲ್ಲಿಗೆ ಕಲ್ಲು ಮುರಿದಿರುತ್ತಿತ್ತು. ಯಾವ ಕಲ್ಲು ಸಿಕ್ಕರೂ ಅದೇ ಜಾಗದಲ್ಲಿ ಮುರಿದಿರುತ್ತಿತ್ತು.

ನಾನು ಓದಿಕೊಂಡವನ ಗತ್ತಿನಲ್ಲಿ, "ಒಂಟಿತನ. ಮಾತಾಡಿಸೋಕೆ ಯಾರೂ ಇರ್ಲಿಲ್ಲ, ಅದಕ್ಕೆ ಮಾಡಿದ್ರು," ಎಂದೆ.

"ಮಾಡಿದ್ಮೇಲೆ ಮಾತಾಡಿಸ್ಬೇಕಿತ್ತಲ್ಲ? ಓಡಿಹೋಗೋದ್ಯಾಕೆ?" ಎಂದ ಲಿಫ್ಟಿನವನು. "ಇದು ಸರ್ವಿಸ್ ಕಾಂಟ್ರಾಕ್ಟು. ಕೂರಿಸಿಕೊಟ್ರು, ಗ್ಯಾರಂಟಿ ಮುಗೀತು, ಹೋದ್ರು. ಈಗ ಕೆಟ್ಟರೆ ಅವರ ತಲೆನೋವಲ್ಲ."

ಒಳಗಿನಿಂದ ಅಕ್ಕ ಕೂಗಿದಳು: "ಅವರಿಗೂ ನಿಮ್ಮ ಹಾಗೇ ಬೇರೆ ಕೆಲಸ ಇರ್ಲಿಲ್ಲ. ಅಷ್ಟೇ."

ದವಡೆಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಆಟ ಗೆಲ್ಲುವುದು ಅವನಿಗೆ ಬೇಕಿರಲಿಲ್ಲ. ಪ್ರತಿ ಸಲ ಕಲ್ಲು ತಿನ್ನುವ ಕುಲವನ್ನೇ ಆರಿಸಿಕೊಳ್ಳುತ್ತಿದ್ದ, ಅವರ ಹಲ್ಲು ಚೆನ್ನಾಗಿದೆ ಅಂತ. ಸೈನ್ಯ ಕಟ್ಟದೆ ಪಾಳು ಗ್ರಹಗಳಲ್ಲಿ ಕಲ್ಲು ಹುಡುಕುತ್ತಾ ಅಲೆಯುತ್ತಿದ್ದ. ಅಷ್ಟರಲ್ಲಿ ಲಿಫ್ಟಿನವನು ಅವನ ರಾಜಧಾನಿಯನ್ನೇ ನುಂಗಿಹಾಕುತ್ತಿದ್ದ. "ಹೋಗ್ಲಿ ಬಿಡು," ಎನ್ನುತ್ತಿದ್ದ ದವಡೆ. "ಇಷ್ಟು ಕಷ್ಟಪಟ್ಟು ಮಾಡಿದವನು ಬಿಟ್ಟು ಹೋಗ್ತಾನಾ? ನನಗೆ ಅರ್ಥ ಆಗ್ತಿಲ್ಲ. ನಾನಾದ್ರೆ ಪಕ್ಕದಲ್ಲೇ ಇರ್ತಿದ್ದೆ."

"ಗೊತ್ತು," ಎಂದಳು ಅಕ್ಕ ಒಳಗಿನಿಂದ.

ಇಂಥದೇ ವಾದದ ಬಿಸಿಯಲ್ಲಿ ಒಂದು ದಿನ ಎರಡು ಸೆಟ್ಟು ಅದಲುಬದಲಾಗಿ ಡಬ್ಬಿ ಸೇರಿದವು. ಬ್ಯಾಂಡಿನ ತುತ್ತೂರಿಯವನ ಹಲ್ಲು ಕೋರ್ಟಿನ ಗುಮಾಸ್ತರಿಗೆ, ಗುಮಾಸ್ತರದು ತುತ್ತೂರಿಯವನಿಗೆ. ತುತ್ತೂರಿಯವನು ಮಾರನೇ ದಿನವೇ ವಾದ್ಯ ಹಿಡಿದು ಬಂದ. "ಏನ್ರೀ ಇದು? ಊದಿದ್ರೆ ಕುಕ್ಕರ್ ಕೂಗಿದ ಹಾಗೆ ಬರುತ್ತೆ!" ಎಂದು ಮೆಟ್ಟಿಲ ಕೆಳಗೆ ನಿಂತೇ ಊದಿ ತೋರಿಸಿದ. ಮಹಡಿಯ ಮೇಲೆ ಬಾಯಿ ತೆರೆದು ಕೂತಿದ್ದ ರೋಗಿಯೊಬ್ಬರು ಹೆದರಿ ಡಾಕ್ಟರ ಬೆರಳು ಕಚ್ಚಿದರು.

ಗುಮಾಸ್ತರು ಮಾತ್ರ ಪತ್ತೆಯಿಲ್ಲ. ದವಡೆಯೇ ಹುಡುಕಿಕೊಂಡು ಹೋದ. ಅವರು ಕೈಯಿಂದ ಬಾಯಿ ಮುಚ್ಚಿಕೊಂಡರು. "ಕೊಡಲ್ಲ. ಹೇಗೆ ಕೂತಿದೆಯೋ ಗೊತ್ತಿಲ್ಲ, ಆದ್ರೆ ಇದನ್ನ ಹಾಕ್ಕೊಂಡ ಮೇಲೆ ನಾನು ನಕ್ಕರೆ ನನ್ನ ಹೆಂಡತಿನೂ ನಗ್ತಾಳೆ. ಮೂವತ್ತು ವರ್ಷದಲ್ಲಿ ಇದೇ ಮೊದಲು." ದವಡೆ ಬರಿಗೈಲಿ ಬಂದು, ತುತ್ತೂರಿಯವನಿಗೆ ಹೊಸದು ಮಾಡಿಕೊಟ್ಟ.

ಅಂದು ಸಂಜೆ ಗೋಡೆಗೆ ಮುಖ ಮಾಡಿ ಕೂತಾಗ ಅವನ ದನಿಯೇ ಬೇರೆಯಾಗಿತ್ತು. "ಗೊತ್ತಾಯ್ತು ಕಣ್ರೋ. ಆದಿಗಳು ಅಚ್ಚು ಅದಲುಬದಲು ಮಾಡಿಬಿಟ್ರು. ನೀರಿನವರಿಗೆ ರೆಕ್ಕೆ ಕೊಟ್ರು, ಬೆಂಕಿಯವರಿಗೆ ಕಿವಿರು ಕೊಟ್ರು. ತಪ್ಪು ತಿಳಿಯೋ ಹೊತ್ತಿಗೆ ಡೆಲಿವರಿ ಆಗಿಹೋಗಿತ್ತು. ದೂರು ಬರುತ್ತೆ ಅಂತ ಹೆದರಿ ಅಂಗಡಿ ಮುಚ್ಚಿದ್ರು."

"ಅದಕ್ಕೇ ಕಲ್ಲೆಲ್ಲ ಒಂದೇ ಜಾಗದಲ್ಲಿ ಮುರಿದಿರೋದು," ಎಂದ ಲಿಫ್ಟಿನವನು. "ಬಿಲ್ ಹರಿದುಹಾಕಿದ್ದಾರೆ."

ಈ ಸಿದ್ಧಾಂತ ಬಹಳ ಕಾಲ ಬಾಳಿತು. ಅಷ್ಟರಲ್ಲಿ ಅಕ್ಕ ಸೊರಗತೊಡಗಿದಳು. ಬಳೆ ಮೊಣಕೈವರೆಗೂ ಜಾರುತ್ತಿತ್ತು. ಮೆತ್ತಗಿನದು ತಿಂದು ಬದುಕುವುದಕ್ಕಾಗಲ್ಲ, ಅಗಿದು ತಿನ್ನಲೇಬೇಕು ಎಂದು ಅವಳ ಡಾಕ್ಟರು ಹೇಳಿದರು. ದವಡೆ ಆಟ ಬಿಟ್ಟ, ನಿದ್ದೆಗೆಟ್ಟ, ಮೇಣ ಕೊರೆಯುತ್ತಾ ಕೂತ. ಹೊಸ ಸೆಟ್ಟು, ಕಿಟಕಿ, ಟಾರ್ಚು, "ಕಚ್ಚು." ಅಕ್ಕ ಉಗುಳಿದಳು. ಲಿಫ್ಟಿನವನು ಬಾಯಿ ತಪ್ಪಿ, "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ, ನಿಮ್ಮನೇಲಿ ಎರಡೂ ಇದೆ, ಬಾಯಿ ಒಂದು ತೆರೀತಿಲ್ಲ," ಎಂದ. ದವಡೆ ಅವನ ಜೊತೆ ಕೆಲವು ದಿನ ಮಾತು ಬಿಟ್ಟ. ತಮಾಷೆ ಮಾಡಿದ್ದಕ್ಕೆ ಮಾತು ಬಿಡುವವನಲ್ಲ ಅವನು. ಅವನಿಗೆ ಎಷ್ಟು ಹೆದರಿಕೆಯಾಗಿದೆ ಎಂದು ನನಗೆ ತಿಳಿದದ್ದು ಆಗ.

ಒಂದು ಮಧ್ಯಾಹ್ನ ಲೈಬ್ರರಿಗೆ ಏದುಸಿರು ಬಿಡುತ್ತಾ ಬಂದ. ಪೇಪರಿನಲ್ಲಿ ಸುತ್ತಿದ್ದನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟ. ಕಂದುಗಟ್ಟಿದ, ಅರ್ಧ ತಿಂದ ಸೇಬು.

"ಕಸದ ಬುಟ್ಟೀಲಿತ್ತು. ಯಾರು ತಿಂದಿದ್ದು ಹೇಳು."

"ನಂಗೇನು ಗೊತ್ತು?"

"ನನ್ನ ಹಲ್ಲು!" ಎಂದು ಕೂಗಿದ. ಓದುತ್ತಿದ್ದವರೆಲ್ಲ ತಲೆಯೆತ್ತಿದರು. ದನಿ ಇಳಿಸಿ, ಕಚ್ಚಿದ ಗುರುತಿನ ಮೇಲೆ ಕಿರುಬೆರಳು ಓಡಿಸಿದ. "ನೋಡು, ಮೇಲಿನ ಸಾಲು, ಎಡಗಡೆ ಎರಡನೇದು ಕೂದಲೆಳೆ ಒಳಗಿದೆ. ಅವಳ ಸ್ವಂತ ಹಲ್ಲು ಹಾಗೇ ಇತ್ತು, ಅದಕ್ಕೇ ಹಾಗೆ ಕೂರಿಸಿದ್ದೆ. ಇದು ನಾನು ಮಾಡಿದ ಮೊಟ್ಟಮೊದಲನೇ ಸೆಟ್ಟು! ಬಿಸಾಡಿದೀನಿ ಅಂದಿದ್ಳು!"

"ಈಗ್ಲೇ ಹೋಗಿ ಕೇಳು ಮತ್ತೆ."

"ಹುಚ್ಚಾ? ಕೇಳಿದ್ರೆ ನಾಳೆಯಿಂದ ಅದನ್ನೂ ಹಾಕ್ಕೊಳಲ್ಲ." ಸೇಬನ್ನು ಮತ್ತೆ ಪೇಪರಿನಲ್ಲಿ ಜೋಪಾನವಾಗಿ ಸುತ್ತಿದ. "ನಾನು ಮನೇಲಿಲ್ಲದಾಗ ತಿಂತಿದಾಳೆ. ಆದ್ರೆ ನಾನು ಮನೆ ಬಿಟ್ಟು ಹೋಗೋದೇ ಇಲ್ವಲ್ಲೋ. ಅದಕ್ಕೇ ಸೊರಗಿರೋದು."

ಅಂದಿನಿಂದ ದವಡೆ ಹೊರಗೆ ಹೋಗಲು ಶುರುಮಾಡಿದ. ಬುಟ್ಟಿಯಲ್ಲಿ ಸೇಬು, ಸೌತೆಕಾಯಿ ತಂದಿಟ್ಟು, ಬಾಗಿಲಲ್ಲಿ ನಿಂತು, "ಅಕ್ಕಾ, ನಾನು ಹೋಗ್ತಾ ಇದೀನಿ! ಬರೋದು ತಡ! ಬಹಳ ತಡ!" ಎಂದು ನಾಟಕದವನ ಹಾಗೆ ಕೂಗಿ, ಬಾಗಿಲು ಎಳೆದುಕೊಳ್ಳುತ್ತಿದ್ದ. ಹೋಗಲು ಜಾಗವೆಲ್ಲಿ? ಮೆಟ್ಟಿಲ ಮೇಲೆ ಕೂರುತ್ತಿದ್ದ. ಮಹಡಿಗೆ ಹೋಗುವ ರೋಗಿಗಳು ಅವನನ್ನು ದಾಟಿಕೊಂಡು ಹೋಗುತ್ತಿದ್ದರು. ಸ್ವಲ್ಪ ದಿನದಲ್ಲಿ ಅಕ್ಕನ ಬಳೆ ಮುಂಗೈಗೆ ಇಳಿದು ನಿಂತಿತು. ಅವನು ನೋಡದವನ ಹಾಗೆ ಇದ್ದ. ಅಂಥ ಕೆಟ್ಟ ನಟನನ್ನು ನಾನು ಕಂಡಿಲ್ಲ.

ಆಟಕ್ಕೂ ವಾಪಸು ಬಂದ. ಲಿಫ್ಟಿನವನ ಸರದಿ ನಡೆಯುತ್ತಿತ್ತು, ನಾವಿಬ್ಬರೂ ಗೋಡೆ ನೋಡುತ್ತಿದ್ದೆವು. ದವಡೆ ಮೆಲ್ಲಗೆ ಹೇಳಿದ: "ಆದಿಗಳು ಎಲ್ಲೂ ಹೋಗಿಲ್ಲ ಕಣೋ."

"ಮತ್ತೆಲ್ಲಿದಾರೆ?"

"ಇಲ್ಲೇ. ಗೋಡೆಗೆ ಮುಖ ಮಾಡ್ಕೊಂಡು ಕೂತಿದಾರೆ. ಈಗ ತಾವು ಮಾಡಿದವರ ಸರದಿ, ನೋಡ್ಬಾರ್ದು ಅಂತ."

"ಹಾಗಾದ್ರೆ ತಿರುಗೋದು ಯಾವಾಗ?" ಎಂದು ಲಿಫ್ಟಿನವನು ಹಿಂದಿನಿಂದ ಕೇಳಿದ.

"ನಾವು 'ಮುಗೀತು' ಅನ್ನಬೇಕಲ್ಲ. ಯಾರೂ ಅಂತಾನೇ ಇಲ್ಲ."

"ಪಾಪ, ಕತ್ತು ಹಿಡ್ಕೊಂಡಿರುತ್ತೆ," ಎಂದ ಲಿಫ್ಟಿನವನು. ಅಷ್ಟು ಹೇಳುವ ಹೊತ್ತಿಗೆ ದವಡೆಯ ಎರಡು ಗ್ರಹ ನುಂಗಿ ಮುಗಿಸಿದ್ದ.

ಕೊನೆಯ ದಿನವೂ ನಾವು ಮೂವರೂ ಇದ್ದೆವು. ಮಧ್ಯಾಹ್ನದಿಂದ ಎದೆ ಭಾರ ಎನ್ನುತ್ತಿದ್ದ. ಡಾಕ್ಟರ ಹತ್ತಿರ ಹೋಗು ಎಂದರೆ, "ಮೇಲೇ ಇದಾರಲ್ಲ," ಎಂದ. ಹಲ್ಲಿನ ಡಾಕ್ಟರು ಎದೆಗೇನು ಮಾಡುತ್ತಾರೆ ಎಂದು ನಕ್ಕೆವು. ಅವನೂ ನಕ್ಕಿದ್ದ.

ಆಗ ಅಕ್ಕ ಒಳಗೆ ಬಂದಳು. ಆಟದ ಹೊತ್ತಿನಲ್ಲಿ ಅವಳು ಎಂದೂ ಬಂದವಳಲ್ಲ. ಕೈಯಲ್ಲಿ ಇಡೀ ಒಂದು ಸೇಬು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ದವಡೆಯನ್ನು ದುರುಗುಟ್ಟಿ ನೋಡಿದಳು.

"ಮೆಟ್ಟಿಲ ಮೇಲೆ ಕೂತಿದ್ದು ಸಾಕಾಗಲಿಲ್ವೇನೋ, ಮಳ್ಳ? ನಾನೇ ನಿನ್ನ ಹೊರಗೆ ಹಾಕಿದೀನಿ ಅಂತ ಅಕ್ಕಪಕ್ಕದವರು ಆಡ್ಕೋತಿದಾರೆ."

ಮಾತಾಡುವಾಗ ಬಾಯಲ್ಲಿ ಹಲ್ಲು ಹೊಳೆಯಿತು. ಎಡಗಡೆ ಎರಡನೆಯದು ಕೂದಲೆಳೆ ಒಳಗೆ. ದವಡೆಯ ಕೈ ತಾನಾಗಿ ಮೇಜಿನ ಮೇಲಿದ್ದ ಟಾರ್ಚಿನ ಕಡೆ ಹೋಯಿತು. ಅಕ್ಕ ಹುಬ್ಬೇರಿಸಿದಳು. ಅವನು ಟಾರ್ಚನ್ನು ಮುಟ್ಟಿದ, ಮುಟ್ಟಿದ್ದನ್ನು ಹಾಗೇ ಆಚೆ ಸರಿಸಿದ.

"ಸರದಿ ನಿಂದು, ಅಕ್ಕ," ಎಂದ.

ಸ್ಟೂಲು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತ. ಕಾನೂನು ಕಾನೂನೇ, ನಾವಿಬ್ಬರೂ ತಿರುಗಿದೆವು. ಕಪಾಟಿನಲ್ಲಿ ಅವನ ಕಣ್ಣಿನ ಮಟ್ಟಕ್ಕೆ ಅಕ್ಕನ ಬಾಯಿಯ ಅಚ್ಚಿತ್ತು. ಹಿಂದಿನಿಂದ ಏನೂ ಕೇಳಿಸಲಿಲ್ಲ. ಆಮೇಲೆ ಕರುಂ ಎಂದು ಒಂದು ಸದ್ದು, ಅಗಿಯುವ ಸದ್ದು, ಮತ್ತೆ ಕರುಂ. ಲಿಫ್ಟಿನವನು ತಡೆಯಲಾಗದೆ ಕತ್ತು ಅರ್ಧ ತಿರುಗಿಸಿದ. ದವಡೆ ಗೋಡೆಯಿಂದ ಕಣ್ಣು ತೆಗೆಯದೆ, ತೊಡೆಯ ಮೇಲಿದ್ದ ಕೈಯನ್ನು ಸ್ವಲ್ಪವೇ ಮೇಲೆತ್ತಿ, ಇನ್ನೂ ಮುಗಿದಿಲ್ಲ, ತಿರುಗಬೇಡ ಎಂದು ಒಂದು ಬೆರಳು ತೋರಿಸಿದ.