ನನ್ನ ಜಾಲತಾಣ, ಷಡ್ಡಕನ ಮೊಳೆ

ಅಸೂಯೆ ಎಂಬುದು ಇಟ್ಟುಕೊಂಡವನನ್ನೇ ಸುಡುವ ಬೆಂಕಿ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಿಗೆ ಷಡ್ಡಕರು ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ವಿಷಯವನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಿರಲಿಲ್ಲ.

ನನಗೊಬ್ಬ ಷಡ್ಡಕನಿದ್ದಾನೆ. ನನ್ನ ಹೆಂಡತಿ ವಿಮಲಾಳ ತಂಗಿಯ ಗಂಡ. ಹೆಸರು ಪಂಚಾಕ್ಷರಿ. ಗುಬ್ಬಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಹಾರ್ಡ್‌ವೇರ್ ಎಂದರೆ ಕಂಪ್ಯೂಟರಿನದಲ್ಲ. ಮೊಳೆ, ಚಿಲಕ, ಬೀಗ, ಪೈಪು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತನಾಗಿ, ತುಮಕೂರಿನ ಸದಾಶಿವನಗರದಲ್ಲಿ ನೆಲೆ ನಿಂತವನು. ಕುಣಿಗಲ್ಲಿನ ನಮ್ಮ ಮಾವನವರು ಮದುವೆಯಾದಂದಿನಿಂದ ನನ್ನನ್ನು ‘ಮೇಷ್ಟ್ರೇ’ ಎಂದು ಬಹುವಚನದಲ್ಲಿ ಕರೆಯುತ್ತಾರೆ. ಪಂಚಾಕ್ಷರಿಯನ್ನು ‘ಮಗಾ’ ಎನ್ನುತ್ತಾರೆ. ಮರ್ಯಾದೆ ನನಗೆ, ಪ್ರೀತಿ ಅವನಿಗೆ. ಈ ಪಾಲು ಮಾಡಿದಾಗ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮಾವನವರು ಕಟ್ಟಡದ ಕಂಟ್ರಾಕ್ಟರ್ ಆಗಿದ್ದವರು. ಕುಣಿಗಲ್ಲಿನಲ್ಲಿ ಯಾವ ಬೀದಿಗೆ ಹೋದರೂ ಅವರು ಕಟ್ಟಿಸಿದ ಮನೆಯೊಂದು ಇದ್ದೇ ಇರುತ್ತದೆ. ಕೆಲವು ವರ್ಷಗಳ ಹಿಂದೆ ಗ್ಲಾಕೋಮಾ ಬಂದು ಎರಡು ಕಣ್ಣೂ ಹೋದವು. ಆಸ್ಪತ್ರೆಯವರು ಅವರ ಫೋನಿನಲ್ಲಿ ಒಂದು ಸೌಲಭ್ಯ ಹಾಕಿ, ಬಳಸುವುದನ್ನೂ ಕಲಿಸಿಕೊಟ್ಟರು. ಪರದೆಯ ಮೇಲೆ ಬೆರಳಿಟ್ಟರೆ ಅಲ್ಲಿ ಬರೆದಿರುವುದನ್ನು ಫೋನೇ ಓದಿ ಹೇಳುತ್ತದೆ. ಮಾವನವರ ಹಗಲೆಲ್ಲ ಈಗ ಆ ಫೋನಿನೊಂದಿಗೇ ಕಳೆಯುತ್ತದೆ.

ಕಳೆದ ವರ್ಷ ಅವರಿಗೆ ಎಂಬತ್ತು ತುಂಬಿತು. ನನ್ನದೊಂದು ಜಾಲತಾಣವಿದೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಕೆರೆ, ಕೋಟೆ, ಹಳೆಯ ಮನೆಗಳ ಬಗ್ಗೆ ಅದರಲ್ಲಿ ಬರೆಯುತ್ತೇನೆ. ಓದುಗರು ವಿರಳ, ಆದರೆ ಗುಣವಂತರು. ಹುಟ್ಟುಹಬ್ಬಕ್ಕೆಂದು ಮಾವನವರ ಮೇಲೆಯೇ ಒಂದು ದೀರ್ಘ ಲೇಖನ ಬರೆದೆ. ಅವರು ಅದನ್ನು ಕೇಳಿ ಒಂದು ಸಲ ‘ಭೇಷ್’ ಎಂದರೆ ಸಾಕಿತ್ತು. ಮದುವೆಯಾದಂದಿನಿಂದ ಆ ಎರಡಕ್ಷರಕ್ಕೆ ಕಾದಿದ್ದೆ.

ಹುಟ್ಟುಹಬ್ಬದ ದಿನ ಹೋಳಿಗೆ ಊಟವಾದ ಮೇಲೆ ಎಲ್ಲರೂ ಹಜಾರದಲ್ಲಿ ಕೂತಿದ್ದರು. ನಾನು ಎದ್ದು ನಿಂತು, ಸಾಹಿತ್ಯಕ್ಕೂ ಗಾರೆಕೆಲಸಕ್ಕೂ ಇರುವ ಸಂಬಂಧದ ಬಗ್ಗೆ ನಾಲ್ಕು ಮಾತಾಡಿ, ಮಾವನವರ ಫೋನಿನಲ್ಲಿ ನನ್ನ ಜಾಲತಾಣ ತೆರೆದು ಅವರ ಕೈಗಿತ್ತೆ. ಅವರು ಬೆರಳಿಟ್ಟರು. ಫೋನು ಸ್ಪಷ್ಟವಾಗಿ ನುಡಿಯಿತು:

“ಹೆಸರಿಲ್ಲದ ಬಟನ್. ಹೆಸರಿಲ್ಲದ ಬಟನ್. ಹೆಸರಿಲ್ಲದ ಚಿತ್ರ.”

ಮಾವನವರು ಬೆರಳನ್ನು ಕೆಳಗೆ ಸರಿಸಿದರು. “ಹೆಸರಿಲ್ಲದ ಚಿತ್ರ. ಹೆಸರಿಲ್ಲದ ಚಿತ್ರ.”

“ಅಣ್ಣ, ನಿಮ್ ಸೈಟ್‌ನಾಗೆ ಯಾರ್ಗೂ ಹೆಸ್ರೇ ಇಲ್ವಲ್ಲಣ್ಣ. ಮೊದ್ಲು ನಾಮಕರಣ ಮಾಡ್ಸಿ” ಎಂದ ಪಂಚಾಕ್ಷರಿ. ಹಜಾರವೆಲ್ಲ ನಕ್ಕಿತು. ವಿಮಲಾಳೂ ನಕ್ಕಳು, ಅದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ.

ಮಾವನವರು ಮಾತ್ರ ನಗಲಿಲ್ಲ. ಇನ್ನೂ ನಾಲ್ಕು ಕಡೆ ಬೆರಳಿಟ್ಟು ನೋಡಿ ಫೋನನ್ನು ತೊಡೆಯ ಮೇಲಿಟ್ಟುಕೊಂಡರು. “ಮನೆ ಭರ್ಜರಿಯಾಗೇ ಕಟ್ಟಿದೀರಿ ಮೇಷ್ಟ್ರೇ. ಬಾಗ್ಲು ಇಡಾದು ಮರ್ತಿದೀರಿ.”

ಆಗಿದ್ದಿಷ್ಟೇ. ನಾನು ಕನ್ನಡ ಟೈಪಿಂಗ್ ಕಲಿತದ್ದು ಕಂಪ್ಯೂಟರಿನ ಹಳೆಯ ಕಾಲದ ಫಾಂಟುಗಳಲ್ಲಿ. ಅವು ನನ್ನ ಕಂಪ್ಯೂಟರಿನಲ್ಲಿ ಮುತ್ತಿನಂತೆ ಕಾಣುತ್ತವೆ, ಬೇರೆಯವರ ಕಂಪ್ಯೂಟರಿನಲ್ಲಿ ಇರುವೆ ಹರಿದಂತೆ. ಅದಕ್ಕೆ ಪ್ರತಿ ಪುಟವನ್ನೂ ಫೋಟೋದಂತೆ ಮಾಡಿ ಜಾಲತಾಣಕ್ಕೆ ಅಂಟಿಸಿದ್ದೆ. ಕಣ್ಣಿದ್ದವರಿಗೆ ಅದು ಲೇಖನ. ಮಾವನವರ ಫೋನಿಗೆ ಬರೀ ಒಂದು ಚಿತ್ರ.

“ಮಾವ, ನನ್ ಸೈಟು ನೋಡಿ ಇವಾಗ” ಎಂದು ಪಂಚಾಕ್ಷರಿ ತನ್ನ ಅಂಗಡಿಯದನ್ನು ತೆರೆದುಕೊಟ್ಟ. ಅದಕ್ಕಿಂತ ಕುರೂಪವಾದ ಜಾಲತಾಣವನ್ನು ನಾನು ಕಂಡಿಲ್ಲ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಮುಗಿಯಿತು. ಫೋನು ಓದತೊಡಗಿತು: “ಶೀರ್ಷಿಕೆ, ಮೊಳೆಗಳು. ಒಂದು ಇಂಚು. ಒಂದೂವರೆ ಇಂಚು. ಶೀರ್ಷಿಕೆ, ಬಾಗಿಲ ಸಾಮಾನು. ಹಿತ್ತಾಳೆ ಅಗುಳಿ.”

ಮಾವನವರ ಮುಖ ಅರಳಿತು. “ಹಿತ್ತಾಳೆ ಅಗುಳಿ ಇಟ್ಟಿದೀಯೇನ್ಲಾ?”

“ಇಟ್ಟಿದೀನಿ ಮಾವ. ನಿಮ್ ಕಾಲದ್ದೇ, ಗಟ್ಟಿ ಮಾಲು.”

“ಭೇಷ್ ಕಣ್ಲಾ ಮಗಾ!”

ನಾನು ಲೋಟ ಹಿಡಿದುಕೊಂಡು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ನನಗೆಂದು ನಾನು ಕಾಯ್ದಿರಿಸಿದ್ದ ಮಾತು ಒಂದು ಅಗುಳಿಗೆ ಸಂದಾಯವಾಗಿತ್ತು.

ಅವನ ಸೈಟನ್ನು ಫೋನು ಹೇಗೆ ಓದಿತು ಎಂದು ಹೊರಡುವಾಗ ಪಂಚಾಕ್ಷರಿಯನ್ನು ಕೇಳಿಯೇಬಿಟ್ಟೆ. ಕುರುಡರ ಮೇಲಿನ ಕಾಳಜಿ ಎಂದೇನಾದರೂ ಹೇಳಿದ್ದರೆ ಸಹಿಸಿಕೊಳ್ಳಬಹುದಿತ್ತು. “ಟೈಪು ಮಾಡಾಕ್ ಬರಾಕಿಲ್ಲ ಅಣ್ಣ. ಬಾಯಲ್ಲೇ ಹೇಳ್ಬುಟ್ಟೆ, ಫೋನೇ ಬರ್ಕಂತು. ಫೋಟೋ ಹಾಕಾಕೆ ಬೇರೆ ದುಡ್ಡು ಕೇಳಿದ್ರು, ಬ್ಯಾಡ ಬುಡು ಅಂದೆ” ಎಂದ. ಸೋಮಾರಿತನವೂ ಜಿಪುಣತನವೂ ಸೇರಿ ನನ್ನ ಪಾಂಡಿತ್ಯವನ್ನು ಸೋಲಿಸಿದ್ದವು.

ಮಾರನೆಯ ದಿನದಿಂದಲೇ ನಾನು ಎಲ್ಲವನ್ನೂ ಹೊಸದಾಗಿ, ಯಾವ ಫೋನಾದರೂ ಓದಬಲ್ಲ ಯೂನಿಕೋಡ್ ಅಕ್ಷರಗಳಲ್ಲಿ ಟೈಪು ಮಾಡಲು ಕೂತೆ. “ಸರ್ವೀಸಿನಲ್ಲಿದ್ದಾಗಲೂ ನೀವು ಹೀಗೆ ದುಡಿದಿದ್ದು ಕಾಣೆ. ಅಪ್ಪನ ಮೇಲಿನ ಪ್ರೀತಿ ಅಂತ ಅಂದ್ಕೊಂಡಿದೀನಿ. ಹಾಗೇ ಅಂದ್ಕೊಂಡಿರ್ತೀನಿ ಬಿಡಿ” ಎಂದಳು ವಿಮಲಾ.

ಲೇಖನಗಳು ಅಕ್ಷರವಾದವು, ಬಟನ್‌ಗಳಿಗೆ ಹೆಸರು ಬಂತು. ಉಳಿದದ್ದು ಫೋಟೋಗಳು. ಜಾಲತಾಣ ಮಾಡಿಕೊಟ್ಟಿದ್ದ ತುಮಕೂರಿನ ಕಂಪ್ಯೂಟರ್ ಅಂಗಡಿಯವರನ್ನು ಕೇಳಿದೆ. “ಪ್ರತಿ ಫೋಟೋಗೂ ವಿವರಣೆ ಬರೆಯೋಕೆ ಒಂದು ಖಾನೆ ಇರುತ್ತೆ ಸಾರ್. ಅದು ಪುಟದ ಮೇಲೆ ಕಾಣ್ಸಲ್ಲ. ಕಣ್ಣಿಲ್ಲದವರ ಫೋನು ಮಾತ್ರ ಓದುತ್ತೆ” ಎಂದರು.

ಕಾಣಿಸುವುದಿಲ್ಲ ಎಂಬ ಮಾತು ನನ್ನ ಕಿವಿಯಲ್ಲಿ ಕೊಂಚ ಹೆಚ್ಚೇ ಹೊತ್ತು ನಿಂತಿತು.

ಮಾವನವರ ಲೇಖನದಲ್ಲಿ ಒಂದು ಫೋಟೋ ಇತ್ತು. ಅವರಿಗೆ ಕಣ್ಣಿದ್ದಾಗ ನಾವು ಮೂವರೂ ಹುತ್ರಿದುರ್ಗದ ಬೆಟ್ಟ ಹತ್ತಿ, ಕೋಟೆಯ ಬಾಗಿಲ ಮುಂದೆ ತೆಗೆಸಿಕೊಂಡದ್ದು. ಮಾವನವರು ನಡುವೆ, ನಾನು ಎಡಕ್ಕೆ, ಪಂಚಾಕ್ಷರಿ ಬಲಕ್ಕೆ. ಮಾವನವರ ಕೈ ಪಂಚಾಕ್ಷರಿಯ ಭುಜದ ಮೇಲೆ. ನಾನು ಖಾನೆಯಲ್ಲಿ ಬರೆದೆ: ‘ಸುಂದರವಾದ ಹುತ್ರಿದುರ್ಗದ ಕೋಟೆಯ ಬಾಗಿಲ ಮುಂದೆ ಮಾವನವರು ಮತ್ತು ಅವರ ಹಿರಿಯ ಅಳಿಯ.’ ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಒಬ್ಬನೇ ಕುಣಿಗಲ್ಲಿಗೆ ಬಸ್ಸು ಹತ್ತಿದೆ. ಮಾವನವರು ಜಗಲಿಯಲ್ಲಿ ಕೂತಿದ್ದರು. ಫೋನು ತೆರೆದುಕೊಟ್ಟೆ. ಈ ಸಲ ಅದು ಬಾಯಿ ಬಿಟ್ಟು ಓದಿತು: ಲೇಖನದ ಹೆಸರು, ನನ್ನ ಹೆಸರು, ಆಮೇಲೆ ಫೋಟೋದ ವಿವರಣೆ. ಅವರ ಬೆರಳು ಅಲ್ಲೇ ನಿಂತಿತು.

“ಸುಂದರ ಅಂತ ನೀವ್ ಯಾಕ್ ಹೇಳ್ತೀರಿ ಮೇಷ್ಟ್ರೇ? ಏನೈತೋ ಅದ್ನ ಹೇಳಿ. ಸುಂದರವೋ ಅಲ್ವೋ ನಾನ್ ನೋಡ್ಕಂತೀನಿ.”

“ಆಗಲಿ ಮಾವ, ತೆಗೀತೀನಿ.”

ಅವರು ಮತ್ತೊಮ್ಮೆ ಓದಿಸಿದರು.

“ಇದು ನಾವು ಬೆಟ್ಟ ಹತ್ತಿದ್ ದಿನದ್ದಲ್ವಾ? ಇನ್ನೊಬ್ಬ ಎಲ್ಲೋದ?”

ನಾನು ಕೆಮ್ಮಿದೆ.

“ನನ್ ಕೈ ಯಾರ್ ಭುಜದ ಮೇಲೈತೆ?”

“ಪಂಚಾಕ್ಷರಿ ಭುಜದ ಮೇಲೆ ಮಾವ.”

“ಮಂಡಿ ಹಿಡ್ಕಂಡಿತ್ತು ಅವತ್ತು. ಅವನ ಭುಜ ಹಿಡ್ಕಂಡೇ ಇಳ್ದಿದ್ದು ನಾನು. ನೀವ್ ಕೋಟೆ ಕತೆ ಹೇಳ್ಕಂಡು ಮುಂದ್ ಮುಂದೆ ಹೋಗ್ತಿದ್ರಿ.”

ಅದು ನನಗೆ ಗೊತ್ತಿರಲಿಲ್ಲ. ಆ ಕೈಯನ್ನು ನಾನು ಇಷ್ಟು ವರ್ಷ ಪ್ರೀತಿ ಎಂದು ಲೆಕ್ಕ ಹಾಕಿ ಕರುಬಿದ್ದೆ. ಅದರಲ್ಲಿ ಮಂಡಿನೋವೂ ಇತ್ತು.

ಮಾವನವರು ದನಿ ಏರಿಸಲಿಲ್ಲ. “ಕಣ್ಣಿರೋರ್ಗೆ ಸುಳ್ಳು ಬರುದ್ರೆ ಫೋಟೋ ನೋಡಿ ನಗ್ತಾರೆ, ಬುಡಿ. ನಾನು ಏನ್ ನೋಡ್ಲಿ? ನೀವ್ ಬರ್ದಿದ್ದೇ ನಂಗೆ ಫೋಟೋ. ಈ ಬೆಟ್ಟಕ್ಕೆ ನಾನು ಹೋಗಿದ್ದೆ, ಅದಕ್ಕೆ ಗೊತ್ತಾಯ್ತು. ಹೋಗ್ದೇ ಇರೋ ಜಾಗದ್ದು ಬರ್ದಿದೀರಲ್ಲ, ಅದೆಲ್ಲಾ ಹೆಂಗ್ ನಂಬ್ಲಿ?”

ನನ್ನ ಸರ್ವೀಸಿನಲ್ಲಿ ಇನ್ಸ್‌ಪೆಕ್ಟರುಗಳು ಬಂದು ಹೋಗಿದ್ದಾರೆ. ಯಾರ ಮುಂದೆಯೂ ನಾನು ಹಾಗೆ ಸಿಕ್ಕಿಬಿದ್ದಿರಲಿಲ್ಲ. ಅಲ್ಲೇ ಜಗಲಿಯಲ್ಲಿ ಕೂತು, ನನ್ನ ಫೋನಿನಲ್ಲಿ ಖಾನೆ ತೆರೆದು ತಿದ್ದಿದೆ. ‘ಕೋಟೆಯ ಕಲ್ಲಿನ ಬಾಗಿಲ ಮುಂದೆ ಮೂವರು. ನಡುವೆ ಬಿಳಿ ಅಂಗಿಯ ಮಾವನವರು. ಎಡಕ್ಕೆ ಛತ್ರಿ ಹಿಡಿದ ಹಿರಿಯ ಅಳಿಯ. ಬಲಕ್ಕೆ ಕಿರಿಯ ಅಳಿಯ ಪಂಚಾಕ್ಷರಿ. ಮಾವನವರ ಕೈ ಅವನ ಭುಜದ ಮೇಲಿದೆ. ಅವನು ನಗುತ್ತಿದ್ದಾನೆ.’ ಕೊನೆಯ ವಾಕ್ಯ ಬರೆಯಲು ಕಷ್ಟವಾಯಿತು. ಆದರೆ ಅವನು ನಿಜಕ್ಕೂ ನಗುತ್ತಿದ್ದ.

ಫೋನು ಅದನ್ನು ಓದಿತು. ಮಾವನವರು ತಲೆಯಾಡಿಸಿದರು. “ಛತ್ರಿ ಹೌದು. ಮಳೆ ಇಲ್ಲ, ಬಿಸಿಲಿಲ್ಲ, ನಿಮ್ ಕೈಲಿ ಛತ್ರಿ” ಎಂದು ನಕ್ಕರು. ಆಮೇಲೆ ಲೇಖನವನ್ನು ಪೂರ್ತಿ ಕೇಳಿದರು. ನಾನು ಬೀದಿ ನೋಡುತ್ತಾ ಕೂತಿದ್ದೆ. ಮುಗಿದ ಮೇಲೆ, “ಉದ್ದ ಆಯ್ತು. ನಾಳೆ ಇನ್ನೊಂದ್ ಸಲ ಕೇಳ್ತೀನಿ” ಎಂದರು.

ಅಂದಿನಿಂದ ನನ್ನ ಹೊಟ್ಟೆಕಿಚ್ಚು ಆರಿಹೋಯಿತು ಎಂದು ಬರೆದರೆ ಅದೂ ಒಂದು ತಪ್ಪು ವಿವರಣೆಯೇ ಆಗುತ್ತದೆ. ಆರಿಲ್ಲ. ಆದರೆ ಈಗ ಯಾವ ಫೋಟೋಗೆ ವಿವರಣೆ ಬರೆದರೂ, ಇದನ್ನು ಪರೀಕ್ಷಿಸಲಾಗದವರೊಬ್ಬರು ಇದನ್ನೇ ನಂಬುತ್ತಾರೆ ಎಂಬುದು ನೆನಪಾಗಿ ಬೆರಳು ತಡೆಯುತ್ತದೆ.

ಅಸೂಯೆ ನನ್ನೊಬ್ಬನ ಸ್ವತ್ತೂ ಅಲ್ಲ ಎಂದು ಆಮೇಲೆ ತಿಳಿಯಿತು. ಮಾವನವರು ಬೆಳಿಗ್ಗೆ ಎದ್ದು ನನ್ನ ಜಾಲತಾಣ ಕೇಳುತ್ತಾರೆಂಬ ಸುದ್ದಿ ಗುಬ್ಬಿಗೆ ಮುಟ್ಟಿದ ಮೇಲೆ ಪಂಚಾಕ್ಷರಿ ಜಿಪುಣತನ ಬಿಟ್ಟು ತನ್ನ ಸೈಟಿಗೆ ರಾಶಿ ಫೋಟೋ ಹಾಕಿಸಿದ. ವಿವರಣೆಯ ಖಾನೆಗಳನ್ನೆಲ್ಲ ಖಾಲಿ ಬಿಟ್ಟಿದ್ದ. ಮಾವನವರು ನನಗೆ ಫೋನು ಮಾಡಿ, “ಮೇಷ್ಟ್ರೇ, ಅವನ್ಗೆ ಬರಿಯಾಕ್ ಬರಾಕಿಲ್ಲ. ಇರೋದ್ ಇದ್ದಂಗೆ ಬರ್ಕೊಡಿ” ಎಂದರು.

ಅವನ ಅಂಗಡಿಯ ಎಲ್ಲ ಫೋಟೋಗಳ ವಿವರಣೆಯನ್ನೂ ನಾನೇ ಬರೆದುಕೊಟ್ಟೆ.