ದೇವರ ಗೂಡಿನಲ್ಲಿಟ್ಟ ಪಂಪು

ನನ್ನ ಮೊಮ್ಮಗಳು ಪಾಸಾದಳು! ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ಮೈಸೂರಿನಿಂದ ಫೋನು ಮಾಡಿ ಅವಳೇ ಹೇಳಿದಳು. ಉಬ್ಬಸ, ಅಲರ್ಜಿ ಇದ್ದವರನ್ನು ಕಂಡುಹಿಡಿದು ನೋಡಿಕೊಳ್ಳುವ ತರಬೇತಿ ಮುಗಿಯಿತು, ಪರೀಕ್ಷೆಯೂ ಆಯಿತು, ಪಾಸು. ಮುಂದಿನ ವಾರದಿಂದ, ಅವಳು ನರ್ಸ್ ಆಗಿರುವ ಆಸ್ಪತ್ರೆಯಲ್ಲಿ ಗುರುವಾರ ಗುರುವಾರ ಉಬ್ಬಸದವರನ್ನು ನೋಡಲು ಅವಳಿಗೆಂದೇ ಒಂದು ಮೇಜು ಹಾಕಿಕೊಡುತ್ತಾರಂತೆ. ನಾನು ಫೋನನ್ನು ಕಿವಿಗೆ ಒತ್ತಿಕೊಂಡೇ ಹಿತ್ತಿಲಿಗೆ ಹೋದೆ, ಬೀದಿಗೆ ಬಂದೆ, ಮತ್ತೆ ಹಿತ್ತಿಲಿಗೆ ಹೋದೆ. ಎದುರು ಮನೆಯವಳು ಬಟ್ಟೆ ಒಗೆಯುತ್ತಿದ್ದಳು. ಅವಳಿಗೇ ಮೊದಲು ಹೇಳಿದೆ.

“ಡಾಕ್ಟ್ರಾಗ್ಬುಟ್ಲಾ ಅಜ್ಜಿ?” ಎಂದಳು.

“ಡಾಕ್ಟ್ರಲ್ಲ ಕಣವ್ವ, ನರ್ಸೇ. ಆದ್ರೆ ದಮ್ಮಿನ ವಿಚಾರ ಬಂದ್ರೆ ಡಾಕ್ಟ್ರೇ ಇವಳನ್ನ ಒಂದ್ಮಾತು ಕೇಳ್ಬೇಕು, ಅಂಗೆ!”

ಆ ಮಾತು ಒಂದಿಷ್ಟು ಜಾಸ್ತಿಯಾಯಿತು. ಆಗಲಿ, ಇವತ್ತೊಂದು ದಿನ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವಾಗ ಒತ್ತಕ್ಷರ ತಪ್ಪುತ್ತದೆ. ಆದರೂ ಬರೆಯಬೇಕೆನಿಸಿದೆ. ಸಂತೋಷವನ್ನಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ಈ ಸಂತೋಷದ ಹಿಂದೆ ಒಂದು ಸಾವಿದೆ. ಅದರಲ್ಲಿ ನನ್ನ ಕೈ ಇದೆ.

ನಮ್ಮದು ಬೆಟ್ಟದಪುರದ ಕಡೆಯ ಹಳ್ಳಿ, ಹೊಗೆಸೊಪ್ಪಿನ ಮನೆ. ಸೊಪ್ಪು ಬ್ಯಾರನ್ನಿನಲ್ಲಿ, ಅಂದರೆ ಬೇಯಿಸುವ ಗೂಡಿನಲ್ಲಿ, ಬೆಂದು ಹಳದಿಯಾಗಿ ಬಂದ ಮೇಲೆ ಎಲೆ ಎಲೆಯನ್ನೂ ನೋಡಿ ಬಣ್ಣಕ್ಕೆ ತಕ್ಕಂತೆ ಬೇರೆ ಮಾಡಬೇಕು. ಗಾಳಿ ಆಡಿದರೆ ಎಲೆ ಪುಡಿಯಾಗುತ್ತದೆಂದು ಬಾಗಿಲು, ಕಿಟಕಿ ಮುಚ್ಚಿಕೊಂಡು ಒಳಗೆ ಕೂರುತ್ತೇವೆ. ಆ ಧೂಳು ಮೂಗಿಗೆ, ಬಾಯಿಗೆ, ತಲೆಗೂದಲಿಗೆಲ್ಲ ಹಿಡಿಯುತ್ತದೆ. ಕೆಮ್ಮು ಬಂದರೆ ಕೆಮ್ಮಿ ಮತ್ತೆ ಎಲೆಗೆ ಕೈ ಹಾಕುವುದು. ಹಾಗೇ ನಡೆದುಕೊಂಡು ಬಂದದ್ದು.

ನನ್ನ ಮಗಳಿಗೆ ಚಿಕ್ಕಂದಿನಿಂದಲೂ ಉಬ್ಬಸ. ಮದುವೆ ಮಾಡಿ ಮಿರ್ಲೆ ಕಡೆಗೆ ಕೊಟ್ಟೆವು. ಅದು ಗದ್ದೆ ಬಯಲು, ಅವರ ಮನೆಯಲ್ಲಿ ಹೊಗೆಸೊಪ್ಪು ಇರಲಿಲ್ಲ. ಅಲ್ಲಿಗೆ ಹೋದ ಮೇಲೆ ಅವಳ ಮೈ ಕೈ ತುಂಬಿಕೊಂಡಿತು. ಡಾಕ್ಟರು ನೀಲಿ ಪಂಪು ಕೊಟ್ಟಿದ್ದರು. ಬಾಯಿಗಿಟ್ಟು ಒತ್ತಿ ಎಳೆದುಕೊಳ್ಳುವುದು. ಒಂದು ಅವಳ ಮನೆಯಲ್ಲಿ, ಇನ್ನೊಂದು ತವರಿಗೆ ಬಂದಾಗ ಬೇಕಾಗುತ್ತದೆಂದು ನಮ್ಮಲ್ಲಿ. ನಮ್ಮಲ್ಲಿದ್ದದ್ದನ್ನು ನಾನು ದೇವರ ಗೂಡಿನಲ್ಲಿ ಇಟ್ಟಿದ್ದೆ.

ಇಟ್ಟು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸೊಪ್ಪಿಗೆ ಔಷಧಿ ಹೊಡೆಯುವ ಟ್ಯಾಂಕನ್ನು ನಾಲ್ಕು ದಿನ ಹಾಗೇ ಬಿಟ್ಟರೆ ಅದರ ಮೂತಿ ಕಟ್ಟಿಕೊಳ್ಳುತ್ತದೆ. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇದೂ ಹಾಗೇ ಇರಬೇಕು ಎಂದುಕೊಂಡೆ. ದಿನಾ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಪಂಪನ್ನು ಕೈಗೆ ತೆಗೆದುಕೊಂಡು ಗಾಳಿಗೆ ಒಂದು ಸಲ ಒತ್ತುತ್ತಿದ್ದೆ. ‘ಚುಸ್’ ಎನ್ನುತ್ತಿತ್ತು. ಸರಿಯಾಗಿದೆ ಎಂದು ಒಳಗಿಡುತ್ತಿದ್ದೆ. ಮಗಳ ಜೀವ ಕಾಯುವ ವಸ್ತು ಎಂದು ಆಯುಧಪೂಜೆಯ ದಿನ ಕುಡುಗೋಲು, ಟ್ರ್ಯಾಕ್ಟರಿನ ಜೊತೆ ಅದಕ್ಕೂ ಕುಂಕುಮ ಇಟ್ಟೆ.

ಆ ವರ್ಷ ಸೊಪ್ಪು ಬೇರೆ ಮಾಡಲು ಕೈ ಆಳು ಸಿಗಲಿಲ್ಲ. ನಾಲ್ಕು ದಿನ ಬಂದು ಹೋಗೆಂದು ಮಗಳನ್ನು ನಾನೇ ಕರೆಸಿದೆ. ನಾಲ್ಕು ವರ್ಷದ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಳಿದಳು.

“ಪಂಪು ತಂದ್ಯೇನವ್ವ?” ಎಂದೆ.

“ಇಲ್ಲೊಂದು ಅದೆಯಲ್ಲವ್ವ, ನಿನ್ ದೇವ್ರತ್ರ. ದಿನಾ ಪೂಜೆ ಬೇರೆ ಮಾಡ್ತೀಯೆ,” ಎಂದು ನಕ್ಕಳು.

ಮೂರನೆಯ ದಿನ ಊಟದ ಹೊತ್ತಿಗೆ ಮುಂಚೆ ಅವಳಿಗೆ ಎದೆ ಕಟ್ಟಿತು. ಎಲೆ ಬಿಟ್ಟು ಬಾಗಿಲ ಬಳಿಗೆ ಬಂದು ಎರಡು ಕೈಯನ್ನೂ ಮಂಡಿಯ ಮೇಲೆ ಊರಿಕೊಂಡು ಕೂತಳು. ನಾನು ಓಡಿಹೋಗಿ ಪಂಪು ತಂದು ಬಾಯಿಗಿಟ್ಟೆ. ಒತ್ತಿದೆ. ಚುಸ್ ಎಂದಿತು. “ಎಳ್ಕೊ ಮಗ, ಎಳ್ಕೊ,” ಎಂದೆ. ಎಳೆದುಕೊಂಡಳು. ಮತ್ತೆ ಒತ್ತಿದೆ, ಮತ್ತೆ ಚುಸ್. ಅವಳು ಕೈಯಾಡಿಸಿ ಬೇಡ ಬೇಡ ಎನ್ನುವಂತೆ ಮಾಡಿದಳು. ಮಾತು ಬರುತ್ತಿರಲಿಲ್ಲ. ನಾನು ಬೈದೆ. “ಬತ್ತಾ ಅದೆ ಕಣೇ, ಸದ್ದು ಕೇಳಾಕಿಲ್ವಾ? ಗಾಬರಿಯಾಗ್ಬೇಡ, ಎಳ್ಕೊ!” ಅವಳಿಗೆ ನಾನು ಆಡಿದ ಕೊನೆಯ ಮಾತು ಅದು. ಪಿರಿಯಾಪಟ್ಟಣದ ಆಸ್ಪತ್ರೆಯ ದಾರಿಯಲ್ಲಿ, ಆಟೋದಲ್ಲಿ, ನನ್ನ ತೊಡೆಯ ಮೇಲೆ ಹೋದಳು.

ಜನ ಆಯಸ್ಸು ಅಷ್ಟೇ ಇತ್ತು ಎಂದರು. ಗಾಬರಿಯಿಂದ ಹೋದಳು ಎಂದು ನಾನು ಹೇಳುತ್ತಾ ಬಂದೆ. ಅಳಿಯ ಇನ್ನೊಂದು ಮದುವೆಯಾದ. ಕೂಸು ನಮ್ಮಲ್ಲೇ ಉಳಿಯಿತು, ನಮ್ಮಲ್ಲೇ ಬೆಳೆಯಿತು, ನರ್ಸಾಯಿತು, ಹುಣಸೂರಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ರೂಮು ಮಾಡಿತು. ಈ ತರಬೇತಿಗೆ ಕಳಿಸುತ್ತಾರೆ ಎಂದಾಗ ಯಾಕೆ ಅದೇ ಬೇಕು ಎಂದು ಯಾರೂ ಕೇಳಲಿಲ್ಲ.

ಶನಿವಾರ ಮೈಸೂರಿನಲ್ಲಿ ಪಾಠ, ಭಾನುವಾರ ಊರಿಗೆ. ಒಂದು ಸಲ ಬಂದಾಗ ಮೊಣಕೈಯಿಂದ ಕೆಳಗೆ ಸಾಲಾಗಿ ಕೆಂಪು ಗುಳ್ಳೆಗಳು. ಯಾರು ಯಾವುದಕ್ಕೆ ಅಲರ್ಜಿ ಎಂದು ನೋಡಲು ಹನಿ ಹಾಕಿ ಸೂಜಿಯಿಂದ ಚುಚ್ಚುತ್ತಾರಂತೆ. ಒಬ್ಬರ ಕೈಗೆ ಒಬ್ಬರು ಚುಚ್ಚಿ ಕಲಿತದ್ದು.

“ಇದು ಧೂಳಿಂದು. ಇದು ಬೆಕ್ಕಿನ ಕೂದ್ಲುದ್ದು, ಏನೂ ಆಗಿಲ್ಲ. ಈ ದಪ್ಪಂದು ಜಿರಲೇದು ತಾತ.”

ನಮ್ಮ ಯಜಮಾನರು ಕನ್ನಡಕ ಏರಿಸಿ ನೋಡಿದರು. “ಜಿರಲೆ ಕಂಡ್ರೆ ನಿಮ್ಮಜ್ಜಿಗೂ ಆಗಾಕಿಲ್ಲ. ಕಿರುಚ್ಕೊಂಡು ಮಂಚ ಹತ್ತುತಾಳೆ. ಅದ್ಕೂ ಸೂಜಿ ಅದಾ?”

ಎಲ್ಲರೂ ನಕ್ಕೆವು. ಆ ನಗು ಮುಗಿಯುವ ಮೊದಲೇ ಅವಳು ಬ್ಯಾಗಿನಿಂದ ಒಂದು ನೀಲಿ ಪಂಪು ತೆಗೆದಳು. ರೋಗಿಗೆ ಹೇಳಿಕೊಡುವುದನ್ನು ನನ್ನ ಮೇಲೆ ಅಭ್ಯಾಸ ಮಾಡಬೇಕಂತೆ. ಅಲ್ಲಾಡಿಸು, ಉಸಿರು ಬಿಡು, ತುಟಿ ಮುಚ್ಚು, ಒತ್ತು, ನಿಧಾನ ಎಳೆ, ಹತ್ತು ಎಣಿಸುವವರೆಗೆ ಹಿಡಿ. ಅವಳು ತೋರಿಸಲು ಗಾಳಿಗೆ ಒಂದು ಸಲ ಒತ್ತಿದಳು. ಚುಸ್.

“ಇದು ಖಾಲಿ ಡಬ್ಬಿ ಅಜ್ಜಿ. ಔಷಧಿ ಮುಗಿದ್ರೂ ಒಳಗಿನ ಗ್ಯಾಸು ಬರ್ತಾನೇ ಇರ್ತದೆ. ಎಷ್ಟೋ ಜನ ಸದ್ದು ಕೇಳಿ ಮೋಸ ಹೋಗ್ತಾರೆ.”

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಕೆಮ್ಮು ಎಂದುಕೊಂಡಳು. ಇಷ್ಟು ವರ್ಷ ತಿಳಿಯದ್ದು ಒಂದೇ ಗಳಿಗೆಯಲ್ಲಿ ತಿಳಿಯಿತು. ಮಗಳು ಕೈಯಾಡಿಸಿದ್ದು ಹೆದರಿಕೆಗಲ್ಲ. ಅದರಲ್ಲಿ ಏನೂ ಇಲ್ಲ ಅವ್ವ ಎಂದು ಹೇಳಿದ್ದು. ಅದಕ್ಕೆ ನಾನು ಬೈದೆ.

ಆ ಕೆಮ್ಮಿನಿಂದಲೇ ಮುಂದಿನದು ಹತ್ತಿಕೊಂಡಿತು. ತರಬೇತಿಯಲ್ಲಿ ಒಬ್ಬ ರೋಗಿಯನ್ನು ಆರಿಸಿಕೊಂಡು, ಕಾಯಿಲೆ ಏನೆಂದು ಕಂಡುಹಿಡಿದು, ಮೊದಲಿನಿಂದ ಕೊನೆಯವರೆಗೆ ಒಂದು ಪುಸ್ತಕದಲ್ಲಿ ಬರೆದು ಒಪ್ಪಿಸಬೇಕು. ಪುಸ್ತಕ ಸರಿಯಿಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅವಳು ನನ್ನನ್ನು ಆರಿಸಿಕೊಂಡಳು. ಊದುವ ಒಂದು ಮೀಟರು ಕೊಟ್ಟಳು, ಬೆಳಿಗ್ಗೆ ಸಂಜೆ ಊದಿ ಮುಳ್ಳು ಎಲ್ಲಿ ನಿಂತಿತೆಂದು ಬರೆದಿಡಬೇಕು. ಸೊಪ್ಪಿನ ಕೋಣೆಯಲ್ಲಿ ಕೂತ ದಿನ ಮುಳ್ಳು ಕೆಳಗೆ, ಎರಡು ದಿನ ಕೂರದಿದ್ದರೆ ಮೇಲೆ. ದೊಡ್ಡ ಡಾಕ್ಟರಿಗೂ ತೋರಿಸಿದಳು. ನನಗೂ ಉಬ್ಬಸವೇ. ಮಗಳಿಗೆ ಇದ್ದದ್ದು ನನ್ನಲ್ಲೂ ಇತ್ತು, ಕೆಮ್ಮೆಂದು ತಳ್ಳಿಕೊಂಡು ಬಂದಿದ್ದೆ.

ಪುಸ್ತಕದಲ್ಲಿ ಮನೆಯವರ ಕಾಯಿಲೆಯ ವಿಚಾರ ಕೇಳುವ ಒಂದು ಹಾಳೆ ಇತ್ತು.

“ಅಮ್ಮ ಹೋದಾಗ ಕೈಲಿ ಪಂಪಿತ್ತಾ ಅಜ್ಜಿ?”

“ಇತ್ತು.”

“ಸರಿಯಾಗಿ ತಗಂಡ್ಲಾ?”

“ಗಾಬರಿಯಾಗ್ಬುಟ್ಲು ಕಣೆ.”

ಬರೆದುಕೊಂಡಳು. ಮುಂದಿನ ವಾರ ಅವಳ ಮೇಡಂ ಪುಸ್ತಕ ವಾಪಸು ಕೊಟ್ಟರು. ಪಂಪು ಇದ್ದೂ ಒಬ್ಬಳು ಸತ್ತಿದ್ದಾಳೆ, ಯಾಕೆ ಎಂಬುದನ್ನು ನೀನು ಕೇಳೇ ಇಲ್ಲ, ರೋಗಿಯನ್ನು ಕೇಳಲು ಬಾರದವಳಿಗೆ ರೋಗ ಹೇಗೆ ತಿಳಿಯುತ್ತದೆ ಎಂದರಂತೆ. ಸರಿಮಾಡಿ ತರಲು ಒಂದು ತಿಂಗಳು. ಇಲ್ಲದಿದ್ದರೆ ಮುಂದಿನ ವರ್ಷ. ಜಗಲಿಯ ಮೇಲೆ ಕೂತು ಅವಳು ಇದನ್ನು ಹೇಳುವಾಗ ನಾನು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಮಧ್ಯಾಹ್ನ. ಮನೆಯಲ್ಲಿ ನಾವಿಬ್ಬರೇ.

ಹೇಳಿದರೆ ಇವಳೂ ನನ್ನ ಕೈ ತಪ್ಪುತ್ತಾಳೆ. ಹೇಳದಿದ್ದರೆ ಅವಳು ಇಷ್ಟು ದಿನ ಪಟ್ಟದ್ದು ನನ್ನಿಂದ ಹೋಗುತ್ತದೆ. ಕಾಳು ಹಿತುಕುತ್ತಲೇ ಹೇಳಿದೆ. ದೀಪ ಹಚ್ಚಿದ್ದು, ಒತ್ತಿದ್ದು, ಸದ್ದು, ಬೈದದ್ದು, ಎಲ್ಲ. ಅವಳ ಮುಖ ನೋಡಲಿಲ್ಲ. ಅವಳು ಎದ್ದು ಬ್ಯಾಗು ತೆಗೆದುಕೊಂಡು ಬಸ್ಸಿಗೆ ಹೋದಳು. ಪುಸ್ತಕ ಜಗಲಿಯ ಮೇಲೇ ಉಳಿಯಿತು.

ಹದಿಮೂರು ದಿನ ಫೋನಿಲ್ಲ. ನನ್ನ ಮಗ, ಅವಳ ಸೋದರಮಾವ, ಮಾಡಿದರೆ “ಡ್ಯೂಟಿ ಮಾವ” ಎಂದು ಇಡುತ್ತಿದ್ದಳು. ಏನಾಯಿತು ಎಂದು ಯಜಮಾನರು ಕೇಳಿದಾಗ ಅವರಿಗೂ ಹೇಳಿದೆ. ಅವರು, “ನಾನೂ ದಿನಾ ಆ ಸದ್ದು ಕೇಳ್ತಿದ್ನಲ್ಲೇ. ಯಾಕ್ ಒತ್ತೀಯೆ ಅಂತ ನಾನೂ ಕೇಳ್ಲಿಲ್ಲ,” ಎಂದರು. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಆದರೆ ಒಬ್ಬಳೇ ಕೂತಿದ್ದ ಕಡೆ ಇನ್ನೊಬ್ಬರು ಬಂದು ಕೂತಂತಾಯಿತು.

ಹದಿನಾಲ್ಕನೆಯ ದಿನ ಅವಳು ಬಂದಳು. ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ. ಪುಸ್ತಕ ತೆಗೆದುಕೊಂಡು ನನ್ನೆದುರು ಕೂತಳು.

“ದಿನಾ ಒಂದ್ಸಲಾನಾ?”

“ದಿನಾ ಒಂದ್ಸಲ.”

“ಯಾವಾಗಿಂದ?”

“ಶಿವರಾತ್ರಿಗೆ ತಂದ್ಕೊಟ್ಟಿದ್ಲು. ಅವತ್ತಿಂದ.”

ಮಗಳು ಹೋದದ್ದು ಸಂಕ್ರಾಂತಿಗೆ ಮುಂಚಿನ ವಾರ. ಮೊಮ್ಮಗಳು ಬೆರಳು ಮಡಚಿ ತಿಂಗಳು ಎಣಿಸಿದಳು. ಆ ಡಬ್ಬಿಯಲ್ಲಿ ಇರುವುದೇ ಇನ್ನೂರು ಸಲ ಒತ್ತುವಷ್ಟು ಔಷಧಿ.

“ದಸರಾ ಹೊತ್ಗೇ ಮುಗ್ದಿತ್ತು ಅಜ್ಜಿ,” ಎಂದಳು.

ಹಾಗಾದರೆ ಆಯುಧಪೂಜೆಯಲ್ಲಿ ನಾನು ಕುಂಕುಮ ಇಟ್ಟದ್ದು ಖಾಲಿ ಡಬ್ಬಿಗೆ.

ಅವಳು ಬರೆದಳು. ಇಂಗ್ಲಿಷಿನಲ್ಲಿತ್ತು, ನನಗೆ ತಿಳಿಯಲಿಲ್ಲ. ಏನು ಬರೆದೆ ಎಂದೆ. ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದಳು. ಮನೆಯವರು ಪಂಪು ಸರಿಯಿದೆಯೇ ಎಂದು ದಿನಾ ಒತ್ತಿ ನೋಡುತ್ತಿದ್ದರು. ಖಾಲಿಯಾದ ಮೇಲೂ ಸದ್ದು ಬರುತ್ತದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಅಜ್ಜಿಯಿಂದ್ಲೇ ಹೋದ್ಲು ಅಂತ ಬರೀಲಿಲ್ವಾ?”

“ಅದ್ಕೆ ಈ ಹಾಳೇಲಿ ಜಾಗ ಇಲ್ಲ,” ಎಂದಳು. ಆಮೇಲೆ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು. ಕ್ಷಮಿಸಿದಳೋ ಇಲ್ಲವೋ, ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ಅದೇ ಪುಸ್ತಕ ಒಪ್ಪಿಗೆಯಾಯಿತು. ಪರೀಕ್ಷೆಯಲ್ಲಿ ಒಬ್ಬ ಮುದುಕಿಗೆ ಪಂಪು ಹೇಳಿಕೊಡಲು ಹೇಳಿದರಂತೆ. ಇವಳು ಮೊದಲು ಕೇಳಿದ್ದು, “ಮನೇಲಿ ಇದನ್ನ ಎಲ್ಲಿಡ್ತೀರಿ, ದಿನಾ ಏನ್ಮಾಡ್ತೀರಿ?” ಎಂದು. ಅದಕ್ಕೆ ಮೇಡಂ ತಲೆಯಾಡಿಸಿದರು ಎಂದು ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ನಗು ಇತ್ತು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ!

ಸಂಜೆಯ ಬಸ್ಸಿಗೆ ಬಂದಳು. ಸೊಸೆ ಮುದ್ದೆ ಕಟ್ಟಿದ್ದಳು, ಹಿತಕಿದ ಬೇಳೆ ಸಾರು, ಮೇಲೆ ಪಾಯಸ. ಮಗ ಸೊಪ್ಪಿನ ಕೋಣೆಯ ಕೆಲಸ ಬಿಟ್ಟು ಸ್ನಾನ ಮಾಡಿ ಬಂದ. ಈಗ ಆ ಕೋಣೆಗೆ ನಾನು ಹೋಗುವಂತಿಲ್ಲ, ಹೋಗುವವರು ಮೂಗಿಗೆ ಬಟ್ಟೆ ಕಟ್ಟಬೇಕು, ಅವಳ ಕಟ್ಟಪ್ಪಣೆ. ಎಲ್ಲರೂ ಸಾಲಾಗಿ ಕೂತೆವು. ನಾನು ಮುದ್ದೆಗೆ ಕೈ ಹಾಕಿದೆ.

“ಸಂಜೇದು ತಗಂಡ್ಯಾ ಅಜ್ಜಿ?”

ಸಂತೋಷದಲ್ಲಿ ಮರೆತೇ ಹೋಗಿತ್ತು. ಡಾಕ್ಟರು ಬೆಳಿಗ್ಗೆ ಸಂಜೆಗೆಂದು ಬರೆದುಕೊಟ್ಟ ನನ್ನ ಪಂಪನ್ನು ಅವಳೇ ಎದ್ದು ಹೋಗಿ ತಂದಳು. ಈಗ ಅದು ದೇವರ ಗೂಡಿನಲ್ಲಿಲ್ಲ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತುಹಾಕಿದ ಚೀಲದಲ್ಲಿ. ಒತ್ತಿದ್ದಕ್ಕೆಲ್ಲ ಕ್ಯಾಲೆಂಡರಿನಲ್ಲಿ ಒಂದೊಂದು ಗೀಟು. ಅಲ್ಲಾಡಿಸಿ ಬಾಯಿಗಿಟ್ಟು ಒತ್ತಿದೆ, ಎಳೆದೆ, ಹಿಡಿದೆ. ತಟ್ಟೆಯ ಮೇಲೆ ಎಲ್ಲರ ಕೈ ನಿಂತಿತು.

ಯಜಮಾನರು ಎಣಿಸತೊಡಗಿದರು. “ಒಂದು, ಎಲ್ಡು, ಮೂರು…”

“ಬಿರ್ರನೆ ಎಣ್ಸಪ್ಪ, ಸಾರು ಆರೋಯ್ತದೆ,” ಎಂದ ಮಗ.

“ನಿಧಾನ ತಾತ,” ಎಂದಳು ಮೊಮ್ಮಗಳು.

ಹತ್ತು ಎಂದಾಗ ಉಸಿರು ಬಿಟ್ಟೆ. ಬಾಯಿ ಮುಕ್ಕಳಿಸಿ ಬಂದು ಕೂತೆ. ಅವಳು ಕ್ಯಾಲೆಂಡರಿಗೆ ಗೀಟು ಎಳೆದು ನನ್ನ ಪಕ್ಕದಲ್ಲೇ ಬಂದು ಕೂತಳು. ಆಮೇಲೆ ಎಲ್ಲರೂ ಒಟ್ಟಿಗೆ ಮುದ್ದೆ ಮುರಿದೆವು.